ಅಡಿಕೆ ದುಡ್ಡು ವರ್ಷಕ್ಕೊಮ್ಮೆ ಬರುವುದು, ತಿಂಗಳ ಬಜೆಟ್ ಹ್ಯಾಗೆ ಹಾಕ್ತೀಯೆ?

ಮದುವೆ ಮನೆಯ ಪಂಕ್ತಿಯಲ್ಲಿ ಕೂತಾಗಲೋ, ಸ್ವಸಹಾಯ ಸಂಘದ ಸಭೆ ಮುಗಿದು ಚಪ್ಪಲಿ ಮೆಟ್ಟುವಾಗಲೋ ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ: “ನೀನು ಮನೆ ಲೆಕ್ಕ ಎಲ್ಲ ಮೊಬೈಲಿನಲ್ಲೇ ಇಡ್ತೀಯಂತಲ್ಲ ಮಾರಾಯ್ತಿ. ಸಂಬಳದವರಿಗೆ ಅದು ಸರಿ. ನಮಗೆ ದುಡ್ಡು ಬರೋದು ಅಡಿಕೆ ಕೊಟ್ಟಾಗ. ತಿಂಗಳ ಬಜೆಟ್ ಅಂತ ಎಂತ ಹಾಕೋದು?”

ಕೇಳುವುದರಲ್ಲಿ ನ್ಯಾಯವಿದೆ. ತೀರ್ಥಹಳ್ಳಿ ಕಡೆಯ ನಮ್ಮ ಎರಡೆಕರೆ ತೋಟದಲ್ಲಿ ಕೊನೆ (ಅಡಿಕೆ ಗೊನೆ) ಕೊಯ್ಲು ಶುರುವಾಗುವುದು ದೀಪಾವಳಿಯ ಆಚೀಚೆ. ಸುಲಿದು, ಬೇಯಿಸಿ, ಒಣಗಿಸಿ, ಮಂಡಿಗೋ ಸೊಸೈಟಿಗೋ ಹಾಕಿ ದುಡ್ಡು ಕೈಗೆ ಬರುವಾಗ ಸಂಕ್ರಾಂತಿ ಕಳೆದಿರುತ್ತದೆ. ನಾನು ಮೊದಲು ಹಾಕಿಕೊಂಡ ಬಜೆಟ್ ಆಪ್ ಬಾಗಿಲಲ್ಲೇ ಕೇಳಿದ್ದು “ಈ ತಿಂಗಳ ಆದಾಯ ಎಷ್ಟು?” ಎಂದು. ಜೂನ್‌ನಲ್ಲಿ ಸೊನ್ನೆ, ಜುಲೈನಲ್ಲಿ ಸೊನ್ನೆ. ಮಕ್ಕಳ ಶಾಲೆ ಫೀಸು, ತೋಟದ ಔಷಧಿ ಎಲ್ಲ ಬರುವುದು ಅದೇ ತಿಂಗಳುಗಳಲ್ಲಿ. ಪರದೆ ಪೂರಾ ಕೆಂಪು. ಎರಡು ತಿಂಗಳು ನೋಡಿ ತೆಗೆದು ಹಾಕಿದೆ. ತಿಂಗಳ ಮೊದಲ ತಾರೀಖು ಸಂಬಳ ಬೀಳುವ ಮನೆಯನ್ನು ಮನಸ್ಸಿನಲ್ಲಿಟ್ಟು ಮಾಡಿದ್ದು ಅದು. ನಮ್ಮ ವರ್ಷಕ್ಕೆ ಹೊಂದಲಿಲ್ಲ.

ಮತ್ತೆ ಮೊಬೈಲ್ ಲೆಕ್ಕಕ್ಕೆ ತಿರುಗಿ ಬಂದದ್ದು ಒಂದು ಪೆಟ್ಟು ತಿಂದ ಮೇಲೆ. ಸಹಕಾರ ಸಂಘದ ಅಲ್ಪಾವಧಿ ಬೆಳೆಸಾಲಕ್ಕೆ ನಮ್ಮ ರಾಜ್ಯದಲ್ಲಿ ಬಡ್ಡಿಯಿಲ್ಲ. 3 ಲಕ್ಷ ಇದ್ದ ಮಿತಿಯನ್ನು 2023ರ ಬಜೆಟ್‌ನಲ್ಲಿ 5 ಲಕ್ಷಕ್ಕೆ ಏರಿಸುವುದಾಗಿಯೂ ಹೇಳಿದರು. ಆದರೆ ಆ ಶೂನ್ಯ ಬಡ್ಡಿ ಗಡುವಿನೊಳಗೆ ತೀರಿಸಿದವರಿಗೆ ಮಾತ್ರ. ಒಂದು ಮಾರ್ಚ್‌ನಲ್ಲಿ ನಾವು 2 ಲಕ್ಷ ತಂದೆವು, ಮುಂದಿನ ಫೆಬ್ರವರಿಯೊಳಗೆ ಕಟ್ಟಬೇಕಿತ್ತು. ಆ ತಾರೀಖನ್ನು ಗೋಡೆಯ ಕ್ಯಾಲೆಂಡರಿನ ಡಿಸೆಂಬರ್ ಹಾಳೆಯ ಅಂಚಿನಲ್ಲಿ ಬರೆದಿಟ್ಟಿದ್ದೆ. ಜನವರಿಯಲ್ಲಿ ಹೊಸ ಕ್ಯಾಲೆಂಡರ್ ಬಂತು, ಹಳೆಯದು ಕಪಾಟಿನ ತಳಕ್ಕೆ ಹಾಸಲು ಹೋಯಿತು, ತಾರೀಖೂ ಅದರ ಜೊತೆ ಹೋಯಿತು. ನೆನಪಾದಾಗ ಗಡುವು ದಾಟಿ 11 ದಿನ. ಪೂರ್ತಿ ವರ್ಷದ ಬಡ್ಡಿ ಕಟ್ಟಿದೆವು. ಆ ಹೊತ್ತಿಗೆ ಅಡಿಕೆ ಮಾರಿದ ದುಡ್ಡು ಬ್ಯಾಂಕಿನಲ್ಲೇ ಇತ್ತು, ಅದೇ ನನಗೆ ಇವತ್ತಿಗೂ ಸಂಕಟ. ಇಲ್ಲದೆ ತಪ್ಪಿದ್ದರೆ ಇಷ್ಟು ನೋಯುತ್ತಿರಲಿಲ್ಲ.

ಆ ರಾತ್ರಿಯೇ ಗೂಗಲ್ ಶೀಟ್ಸ್‌ನಲ್ಲಿ ಒಂದು ಖಾಲಿ ಹಾಳೆ ತೆರೆದು ಎಡಗಡೆ ತಿಂಗಳುಗಳನ್ನು ಬರೆದೆ. ಜನವರಿಯಿಂದ ಬರೆಯಲಿಲ್ಲ, ನವೆಂಬರಿನಿಂದ ಅಕ್ಟೋಬರ್‌ವರೆಗೆ ಬರೆದೆ, ಕೊಯ್ಲಿನಿಂದ ಕೊಯ್ಲಿಗೆ. ಆಮೇಲೆ ಆದಾಯದ ಗೊಡವೆಗೆ ಹೋಗದೆ, ಯಾವ ತಿಂಗಳು ಯಾವ ದೊಡ್ಡ ಖರ್ಚು ಬಂದೇ ಬರುತ್ತದೆ ಎಂದು ಒಂದೊಂದಾಗಿ ತುಂಬಿದೆ. ಮೇ ಕೊನೆಗೆ ಮೈಲುತುತ್ತ, ಸುಣ್ಣ ತಂದಿಡಬೇಕು. ಮಳೆ ಹಿಡಿಯುವ ಮೊದಲು ಒಂದು ಸಲ ಅವೆರಡನ್ನೂ ಕಲಸಿದ ಬೋರ್ಡೋ ಔಷಧಿ ಹೊಡೆದರೆ, 40-45 ದಿನಕ್ಕೆ ಇನ್ನೊಂದು ಸಲ. ಮಳೆ ಬಿಡದೆ ಹೊಡೆದ ವರ್ಷ ಮೂರನೆಯದೂ ಬೇಕು. ಆ ಮೂರನೆಯದನ್ನೂ ನಾನು ಖರ್ಚು ಎಂದೇ ಬರೆಯುತ್ತೇನೆ. ಬೇಕಾಗದಿದ್ದರೆ ದುಡ್ಡು ಉಳಿಯಿತು. ಬೇಕಾದಾಗ ಕೈಯಲ್ಲಿಲ್ಲದೆ ಕೊಳೆರೋಗಕ್ಕೆ ಕೊನೆ ಬಿಟ್ಟುಕೊಡುವುದನ್ನು ಒಮ್ಮೆ ನೋಡಿದ್ದೇನೆ, ಸಾಕು. ಹವಾಮಾನ ಆಧಾರಿತ ಬೆಳೆವಿಮೆಗೆ ವಿಮಾ ಮೊತ್ತದ ಶೇ. 5 ನಾವು ಕಟ್ಟಬೇಕು, ಅದೂ ಮಳೆಗಾಲದ ಶುರುವಿನಲ್ಲೇ. ಶಾಲೆ ಫೀಸು, ಗೌರಿ ಗಣೇಶ ಹಬ್ಬ, ಭೂಮಿ ಹುಣ್ಣಿಮೆ, ಹೀಗೆ ಬರೆಯುತ್ತ ಹೋದೆ.

ಎಲ್ಲ ಬರೆದಾಯಿತು ಎಂದುಕೊಂಡು ಅತ್ತೆಗೆ ಓದಿ ಹೇಳಿದೆ. ಅವರು ಕಣ್ಣು ಮುಚ್ಚಿಕೊಂಡು ಕೇಳಿ, “ಹಂಚು ಕೈಯಾಡಿಸೋದು ಎಲ್ಲಿ ಬರೆದಿದ್ದೀಯೆ?” ಎಂದರು. ಬರೆದಿರಲಿಲ್ಲ. ಏಪ್ರಿಲ್‌ನಲ್ಲಿ ಮಾಡಿಗೆ ಜನ ಹತ್ತಿಸಿ ಒಡೆದ ಹಂಚು ಬದಲಿಸದಿದ್ದರೆ ಜೂನ್‌ನಲ್ಲಿ ಅಟ್ಟದ ಅಡಿಕೆ ಮೂಟೆಯ ಮೇಲೇ ಹನಿ. “ಸೌದೆ? ಮಿಡಿ ಮಾವು? ಹಪ್ಪಳಕ್ಕೆ ಉದ್ದು?” ಎಂದು ಮುಂದುವರಿಸಿದರು. ಮಳೆಗಾಲಕ್ಕೆ ಏನೇನು ಕೂಡಿಡಬೇಕೆಂಬ ಪಟ್ಟಿ ಅವರ ತಲೆಯಲ್ಲಿ ಐವತ್ತು ವರ್ಷದಿಂದ ಇತ್ತು. ನನ್ನ ಪ್ಲಾನರಿನ ಅರ್ಧ ಸಾಲುಗಳು ಅವರವು. ವರ್ಷದ ದೊಡ್ಡ ಖರ್ಚುಗಳ ಆ ಹಾಳೆಗೆ “ಅಟ್ಟ” ಎಂದೇ ಹೆಸರಿಟ್ಟಿದ್ದೇನೆ. ಈ ಲೆಕ್ಕದ ಬುದ್ಧಿ ನಮ್ಮ ಮನೆಗಳಲ್ಲಿ ಮೊದಲೇ ಇತ್ತು. ಉಪ್ಪು, ಮೆಣಸು, ಸೌದೆಗೆ ಇದ್ದದ್ದನ್ನು ದುಡ್ಡಿಗೂ ಹಾಕಿದೆ, ಅಷ್ಟೆ.

ಇನ್ನು ಆದಾಯ. ಅಡಿಕೆ ರೇಟು ಯಾರ ಕೈಯಲ್ಲೂ ಇಲ್ಲ. ಈ ವಿಷಯಕ್ಕೆ ನನಗೆ ನೆನಪಾಗುವುದು ಕೆಳದಿಯ ಶಿವಪ್ಪನಾಯಕ. 17ನೇ ಶತಮಾನದಲ್ಲಿ ಕಂದಾಯ ನಿಗದಿ ಮಾಡುವ ಮೊದಲು ಆತ ಒಂದೊಂದು ಬಗೆಯ ಹೊಲವನ್ನು ಸತತ 12 ವರ್ಷ ಸಾಗುವಳಿ ಮಾಡಿಸಿ, ಬೀಜ, ಖರ್ಚು, ಫಸಲು ಎಲ್ಲದರ ಲೆಕ್ಕ ಇಡಿಸಿ, ಸರಾಸರಿ ತೆಗೆದು ‘ಶಿಸ್ತು’ ಎಂಬ ಕಂದಾಯ ಪದ್ಧತಿ ಕಟ್ಟಿದನೆಂದು ಹಳೆಯ ಗೆಜೆಟಿಯರ್‌ಗಳು ಹೇಳುತ್ತವೆ. ಒಂದು ವರ್ಷದ ಫಸಲು ನೋಡಿ ಹಿಗ್ಗಬಾರದು, ಒಂದು ವರ್ಷದ ನಷ್ಟ ನೋಡಿ ಕುಗ್ಗಬಾರದು ಎಂಬುದು ಅಷ್ಟು ಹಿಂದೆಯೇ ಈ ನೆಲದವರಿಗೆ ಗೊತ್ತಿತ್ತು. ನಾನು ಅವನಿಗಿಂತ ಇನ್ನೂ ಒಂದು ಹೆಜ್ಜೆ ಹಿಂದೆ ನಿಲ್ಲುತ್ತೇನೆ. ಸರಾಸರಿಯ ಬದಲು, ಕಳೆದ ಐದು ವರ್ಷ ನಮ್ಮ ಮಂಡಿ ಪಟ್ಟಿಗಳಲ್ಲಿ ಸಿಕ್ಕ ಅತಿ ಕಡಿಮೆ ರೇಟನ್ನೇ ಹಿಡಿಯುತ್ತೇನೆ.

ಕೇಳುವವರಿಗೆ ಅರ್ಥವಾಗಲೆಂದು ದುಂಡು ಅಂಕಿಯಲ್ಲಿ ಹೇಳುತ್ತೇನೆ. ಒಣ ಅಡಿಕೆ 14 ಕ್ವಿಂಟಾಲ್, ಕ್ವಿಂಟಾಲಿಗೆ 40,000 ಎಂದು ಹಿಡಿದರೆ 5,60,000. ತೋಟದ ಖರ್ಚು 2,00,000. ಬೆಳೆಸಾಲ ತಂದು ಮಾಡಿದ್ದಾದರೆ ತೀರಿಸುವುದೂ ಇದರಲ್ಲೇ. “ಅಟ್ಟ”ದ ಹಾಳೆಯಲ್ಲಿ ತೋಟದ್ದು ಬಿಟ್ಟು ಉಳಿದದ್ದಕ್ಕೆ 1,20,000. ಉಳಿದದ್ದು 2,40,000. ಹನ್ನೆರಡರಿಂದ ಭಾಗಿಸಿದರೆ ತಿಂಗಳಿಗೆ 20,000. ಇದು ನಮ್ಮ ಮನೆಯ ಸಂಬಳ, ತೋಟ ನಮಗೆ ಕೊಡುವ ಸಂಬಳ. ರೇಟು 50,000ಕ್ಕೆ ಹೋದರೂ ಸಂಬಳ 20,000ವೇ. ಹೆಚ್ಚಿಗೆ ಬಂದದ್ದು ಬೇರೆ ಸಾಲಿನಲ್ಲಿ ಕೂರುತ್ತದೆ. ಮುಂದಿನ ಫಸಲು ಮಳೆಗಾಲ ದಾಟಿ ಮರದ ಮೇಲೆ ನಿಂತದ್ದು ಕಂಡ ಮೇಲೆಯೇ ಅದನ್ನು ಮುಟ್ಟುವುದು.

ಕಾಗದದಲ್ಲೇ ಭಾಗಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಭಾಗಿಸಬಹುದು. ಆದರೆ ಭಾಗಿಸಿದ ಮೇಲೆ ದುಡ್ಡೂ ಭಾಗವಾಗಿ ನಿಲ್ಲಬೇಕು. ನಾವು ಎರಡು ಖಾತೆ ಮಾಡಿಕೊಂಡಿದ್ದೇವೆ. ಅಡಿಕೆ ದುಡ್ಡು ಬೀಳುವ ಖಾತೆಗೆ ಯುಪಿಐ ಜೋಡಿಸಿಲ್ಲ. ಅಲ್ಲಿಂದ ಪ್ರತಿ ತಿಂಗಳು 1ನೇ ತಾರೀಖು 20,000 ತಾನಾಗಿ ಮನೆಖರ್ಚಿನ ಖಾತೆಗೆ ಹೋಗುವಂತೆ ಬ್ಯಾಂಕಿನಲ್ಲಿ ಬರೆದುಕೊಟ್ಟಿದ್ದೇವೆ. ಅಂಗಡಿಯಲ್ಲಿ ಸ್ಕ್ಯಾನ್ ಮಾಡುವುದು ಈ ಎರಡನೆಯ ಖಾತೆಯಿಂದಷ್ಟೇ. ಐದಾರು ಲಕ್ಷ ಒಟ್ಟಿಗೆ ಕಾಣುವ ಖಾತೆಯಿಂದ ಸ್ಕ್ಯಾನ್ ಮಾಡುವಾಗ ಕೈ ಹಿಡಿಯುವುದು ಬಹಳ ಕಷ್ಟ, ಫೆಬ್ರವರಿ-ಮಾರ್ಚ್‌ನಲ್ಲಂತೂ ಇನ್ನೂ ಕಷ್ಟ. ನಮ್ಮೂರಲ್ಲಿ ಎಷ್ಟೋ ಮನೆಗಳ ಆಗಸ್ಟ್ ತಿಂಗಳ ಕೈಸಾಲದ ಬೇರು ಇರುವುದು ಆ ಎರಡು ತಿಂಗಳಲ್ಲಿ ಎಂದು ನನಗೆ ಖಾತ್ರಿಯಾಗಿದೆ.

ದಿನದ ಖರ್ಚಿಗೆ ಒಂದು ಹಾಳೆ: ತಾರೀಖು, ಬಾಬ್ತು, ಮೊತ್ತ. ಬಾಬ್ತು ಎಂಟೇ. ಮೊದಲು ಇಪ್ಪತ್ತಾರು ಮಾಡಿದ್ದೆ, ಕೊತ್ತಂಬರಿ ಸೊಪ್ಪು ಯಾವುದಕ್ಕೆ ಸೇರಿಸಬೇಕೆಂದು ಯೋಚಿಸುವುದರಲ್ಲೇ ಬರೆಯುವುದು ತಪ್ಪುತ್ತಿತ್ತು. ಸಮ್‌ಇಫ್ ಎಂಬ ಒಂದು ಸೂತ್ರ ಕಲಿತರೆ ಸಾಕು, ಹೆಸರು ಹೊಂದುವ ಮೊತ್ತಗಳನ್ನಷ್ಟೇ ಅದು ಹೆಕ್ಕಿ ಕೂಡಿಸುತ್ತದೆ. ಆಳುಗಳಿಗೆ ಕೊಟ್ಟ ಮುಂಗಡಕ್ಕೆ ಬೇರೆ ಹಾಳೆ ಇದೆ, ಅದನ್ನು ಅವರಿಗೂ ತೋರಿಸುತ್ತೇನೆ. ಇಬ್ಬರ ಲೆಕ್ಕವೂ ಒಂದೇ ಆಗಿದ್ದರೆ ಮಾತು ಬೆಳೆಯುವುದಿಲ್ಲ. ಹಾಳೆ ನಮ್ಮವರ ಮೊಬೈಲಿನಲ್ಲೂ ತೆರೆಯುತ್ತದೆ. ಅವರು ಪೇಟೆಯಲ್ಲಿ ಪೈಪು ಕೊಂಡರೆ ಮನೆಗೆ ಬರುವಷ್ಟರಲ್ಲಿ ನನಗೆ ಗೊತ್ತು.

“ಮಳೆಗಾಲದಲ್ಲಿ ಕರೆಂಟೇ ಇರೋದಿಲ್ಲ, ನೆಟ್‌ವರ್ಕ್ ಎಲ್ಲಿ?” ಇದು ಎರಡನೆಯ ಪ್ರಶ್ನೆ. ಆ ಕಡತವನ್ನು ಆಫ್‌ಲೈನ್‌ನಲ್ಲೂ ಸಿಗುವಂತೆ ಒಮ್ಮೆ ಹೊಂದಿಸಿಟ್ಟರೆ ನೆಟ್‌ವರ್ಕ್ ಇಲ್ಲದಾಗಲೂ ಬರೆಯಬಹುದು, ಸಿಗ್ನಲ್ ಬಂದಾಗ ತಾನೇ ಸೇರಿಕೊಳ್ಳುತ್ತದೆ. ಕಡತ ಎಂದಾಗ ಇನ್ನೊಂದು ಮಾತು. ಶೃಂಗೇರಿ ಮಠದ ಹಳೆಯ ಲೆಕ್ಕಗಳಿರುವುದು ಕಡತಗಳಲ್ಲೇ. ಬಟ್ಟೆಗೆ ಹುಣಸೆ ಬೀಜದ ಅಂಟು, ಇದ್ದಿಲು ಬಳಿದು ಕಪ್ಪು ಮಾಡಿ, ಬಳಪದಲ್ಲಿ ಬರೆದು ಮಡಿಸಿಡುತ್ತಿದ್ದರು. ತಪ್ಪಾದರೆ ಅಳಿಸಿ ಮತ್ತೆ ಬರೆಯಬಹುದಿತ್ತು. ಆ ಮಡಿಕೆಗಳ ಫೋಟೋ ನೋಡಿದಾಗಲೆಲ್ಲ ನನ್ನ ಹಾಳೆಯ ಸಾಲುಗಳೇ ಕಣ್ಣಿಗೆ ಬರುತ್ತವೆ.

ಒಂದು ಎಚ್ಚರಿಕೆ. ಮೆಸೇಜ್ ಓದಲು ಅನುಮತಿ ಕೇಳುವ ಬಜೆಟ್ ಆಪ್‌ಗಳನ್ನು ನಾನು ಹಾಕಿಕೊಳ್ಳುವುದಿಲ್ಲ. ಬ್ಯಾಂಕಿನ ಒಟಿಪಿ ಬರುವುದೂ ಅಲ್ಲಿಗೇ. ಪಿನ್, ಪಾಸ್‌ವರ್ಡ್ ಹಾಳೆಯಲ್ಲಿ ಬರೆಯುವುದೂ ಇಲ್ಲ.

ಕಟ್ಟಬೇಕಾದ ತಾರೀಖುಗಳೆಲ್ಲ ಈಗ ಮೊಬೈಲಿನ ಕ್ಯಾಲೆಂಡರಿನಲ್ಲಿವೆ. ಬೆಳೆಸಾಲಕ್ಕೆ ಮೂರು ಸಲ ಗಂಟೆ ಹೊಡೆಯುತ್ತದೆ, ಒಂದು ತಿಂಗಳು ಮೊದಲು, ಹದಿನೈದು ದಿನ ಮೊದಲು, ಮೂರು ದಿನ ಮೊದಲು. ವಿಮೆಯ ಕೊನೆಯ ದಿನ ವರ್ಷವರ್ಷವೂ ಬದಲಾಗುವುದರಿಂದ, ಜೂನ್ 1ಕ್ಕೆ “ತಾರೀಖು ವಿಚಾರಿಸು” ಎಂದು ಬರೆದಿದ್ದೇನೆ.

ಶುರು ಎಲ್ಲಿಂದ ಮಾಡಲಿ ಎಂದು ಕೇಳಿದರೆ, ಆಪ್ ಹುಡುಕಬೇಡಿ ಎನ್ನುತ್ತೇನೆ. ಕಳೆದ ವರ್ಷದ ಪಾಸ್‌ಬುಕ್ ತೆಗೆದುಕೊಂಡು, ಮನೆಯ ಹಿರಿಯರನ್ನು ಪಕ್ಕದಲ್ಲಿ ಕೂರಿಸಿಕೊಂಡು, 5,000 ದಾಟಿದ ಪ್ರತಿ ಖರ್ಚನ್ನೂ ಅದರ ತಿಂಗಳಿನ ಎದುರು ಬರೆಯಿರಿ. ಕಳೆದ ವಾರ ಪಕ್ಕದ ಮನೆಯ ಅಕ್ಕ ಹಾಗೆ ಮಾಡಿಕೊಂಡು ಬಂದರು. ಹದಿನೇಳು ಸಾಲು. ನನ್ನ ಮೊಬೈಲಿನಲ್ಲಿ ಇಬ್ಬರೂ ಸೇರಿ ಹತ್ತಿಸಿದೆವು. ಅತ್ತೆ ಒಳಗಿಂದಲೇ ಕೂಗಿ ಹದಿನೆಂಟನೆಯದನ್ನು ಸೇರಿಸಿದರು: ಹಂಚು.