ಹಿತ್ತಿಲಿಗೊಂದು ನೆರಳು: ಕೋಡಿಬಾಗದ ನಮ್ಮ ಚಪ್ಪರ

ಕಾರವಾರದ ಕೋಡಿಬಾಗದಲ್ಲಿರುವ ನಮ್ಮ ಮನೆಯ ಹಿತ್ತಿಲು ಪಶ್ಚಿಮಕ್ಕಿದೆ. ಬೇಸಿಗೆಯಲ್ಲಿ ಹನ್ನೊಂದು ಗಂಟೆ ದಾಟುತ್ತಲೇ ಕಡಲ ಗಾಳಿ ಏಳುತ್ತದೆ. ಮನೆಯೊಳಗೆ ಕುಳಿತವರ ಬೆನ್ನು ಬೆವರಿನಿಂದ ತೊಯ್ದಿರುವಾಗಲೂ ಹಿತ್ತಿಲಲ್ಲಿ ಹಗ್ಗದ ಮೇಲಿನ ಬಟ್ಟೆಗಳು ಪಟಪಟನೆ ಹಾರುತ್ತಿರುತ್ತವೆ. ಆದರೆ ಗಾಳಿ ಬರುವ ಹೊತ್ತಿಗೇ ಬಿಸಿಲೂ ಅಲ್ಲಿ ಬಂದು ಬೀಳುವುದರಿಂದ, ಆ ಗಾಳಿಯನ್ನು ಅನುಭವಿಸುವ ಯೋಗ ನಮಗಿರಲಿಲ್ಲ. ನಮ್ಮ ಅತ್ತೆಯವರಿಗೆ ಹಲಸಿನಕಾಯಿ ಬಿಡಿಸುವುದಾಗಲಿ, ಮುರುಗಲು ಹಣ್ಣು ಒಡೆದು ಸಿಪ್ಪೆ ಬೇರೆ ಮಾಡುವುದಾಗಲಿ, ಬಸಳೆ ಸೋಸುವುದಾಗಲಿ ಹಿತ್ತಿಲಲ್ಲಿಯೇ ಆಗಬೇಕು. ಎಪ್ಪತ್ತು ದಾಟಿದ ಅವರು ಹಳೆಯ ಕೊಡೆಯೊಂದನ್ನು ಬಾಳೆಯ ಬುಡಕ್ಕೆ ಕಟ್ಟಿ, ಅದರ ನೆರಳು ಸರಿದಂತೆಲ್ಲ ಮಣೆಯನ್ನೂ ಸರಿಸುತ್ತ ಕೂರುವುದನ್ನು ನೋಡಿದಾಗಲೇ, ಇಲ್ಲೊಂದು ನೆರಳು ಆಗಲೇಬೇಕೆಂದು ನಾನು ನಿರ್ಧರಿಸಿದ್ದು.

ಮೊದಲ ಸಲ ನಾವು ಮಾಡಿದ್ದು ತಪ್ಪು. 2021ರ ಫೆಬ್ರುವರಿಯಲ್ಲಿ 10 ಅಡಿ ಉದ್ದ, 10 ಅಡಿ ಅಗಲದ, ನಾಲ್ಕು ಕಾಲಿನ ಸಿದ್ಧ ಗಜೀಬೊ ಒಂದನ್ನು ತರಿಸಿದೆವು. ತೆಳ್ಳಗಿನ ಕಬ್ಬಿಣದ ಪೈಪು, ಮೇಲೆ ದಪ್ಪ ಬಟ್ಟೆ, ನೆಲಕ್ಕೆ ಹೊಡೆಯಲು ಗೇಣುದ್ದದ ಗೂಟಗಳು. ಅರ್ಧ ದಿನದಲ್ಲಿ ನಿಲ್ಲಿಸಿಯಾಯಿತು. ಎರಡೂವರೆ ತಿಂಗಳು ಅದರ ಕೆಳಗೆ ಸುಖವಾಗಿ ಕುಳಿತೆವು ಎಂಬುದು ನಿಜ. ಆದರೆ ಏಪ್ರಿಲ್ ಹೊತ್ತಿಗೇ ತಿರುಪುಗಳ ಸುತ್ತ ಕಂದು ಬಣ್ಣದ ನೀರಿಳಿದ ಕಲೆ ಕಾಣಿಸಿಕೊಂಡಿತ್ತು. ಮೇ ತಿಂಗಳ ಮಧ್ಯದಲ್ಲಿ ತೌಕ್ತೆ ಚಂಡಮಾರುತ ನಮ್ಮ ಕರಾವಳಿಯ ಪಕ್ಕದಲ್ಲಿ ಗುಜರಾತಿನತ್ತ ಸಾಗಿದಾಗ, ಗೂಟಗಳು ಕೋಡಿಬಾಗದ ಮರಳು ನೆಲದಿಂದ ಸುಲಭವಾಗಿ ಕಿತ್ತುಬಂದವು. ಬೆಳಿಗ್ಗೆ ನೋಡಿದರೆ ಆ ಗಜೀಬೊ ಪಕ್ಕದ ಮನೆಯ ಕಾಂಪೌಂಡಿನ ಮೇಲೆ ಕಾಲು ಮೇಲಾಗಿ ಮಲಗಿತ್ತು. ಅಲ್ಲಿ ಯಾರೂ ಇಲ್ಲದಿದ್ದುದು ನಮ್ಮ ಪುಣ್ಯ. ಮಾರಿದವರನ್ನು ಕೇಳಿದಾಗ, ಗಾಳಿಗೆ ಹಾರಿದ್ದಕ್ಕೆ ತಾವು ಹೊಣೆಯಲ್ಲ ಎಂಬ ಉತ್ತರ ಬಂತು.

ಹೀಗೇಕಾಯಿತೆಂದು ತಿಳಿಯುವ ಹಟ ನನಗೆ ಹುಟ್ಟಿತು. ಗಾಳಿಯ ಒತ್ತಡವು ವೇಗದ ವರ್ಗಕ್ಕೆ ಅನುಗುಣವಾಗಿ ಏರುತ್ತದೆ; ಅಂದರೆ ವೇಗ ಎರಡರಷ್ಟಾದರೆ ಒತ್ತಡ ನಾಲ್ಕರಷ್ಟಾಗುತ್ತದೆ. ಗಂಟೆಗೆ 72 ಕಿಲೊಮೀಟರ್ ವೇಗದ ಗಾಳಿ ಒಂದು ಚದರ ಮೀಟರಿನ ಮೇಲೆ ಹಾಕುವ ಒತ್ತಡ ಸುಮಾರು 24 ಕಿಲೊ. ನಮ್ಮ ಗಜೀಬೊದ ಮೇಲ್ಛಾವಣಿ ಒಂಬತ್ತು ಚದರ ಮೀಟರಿಗಿಂತ ತುಸು ಹೆಚ್ಚಿದ್ದುದರಿಂದ, ಕೆಳಗಿನಿಂದ ನುಗ್ಗಿದ ಗಾಳಿ ಅದನ್ನು ಹೆಚ್ಚುಕಡಿಮೆ 230 ಕಿಲೊ ಬಲದಿಂದ ಎತ್ತಬಲ್ಲದು. ಆಕಾರವನ್ನು ಅನುಸರಿಸಿ ಈ ಲೆಕ್ಕ ಹೆಚ್ಚುಕಡಿಮೆ ಆಗಬಹುದಾದರೂ, ಒಬ್ಬರೇ ಎತ್ತಿ ಸರಿಸಬಹುದಾದಷ್ಟು ಹಗುರವಾಗಿದ್ದ ಆ ವಸ್ತುವಿಗೆ ಅದನ್ನು ತಾಳಿಕೊಳ್ಳುವ ಶಕ್ತಿ ಎಲ್ಲಿಂದ ಬರಬೇಕು? ಕಟ್ಟಡಗಳಿಗಾಗಿ ಇರುವ ಭಾರತೀಯ ಮಾನಕವು ಮಂಗಳೂರಿಗೂ ಪಣಜಿಗೂ ಸೆಕೆಂಡಿಗೆ 39 ಮೀಟರ್, ಅಂದರೆ ಗಂಟೆಗೆ ಸುಮಾರು 140 ಕಿಲೊಮೀಟರ್ ಗಾಳಿಯನ್ನು ಲೆಕ್ಕಕ್ಕೆ ಹಿಡಿಯಬೇಕೆಂದು ಹೇಳುತ್ತದೆ. ಕಾರವಾರ ಇರುವುದು ಆ ಎರಡು ಊರುಗಳ ನಡುವಿನ ಕರಾವಳಿಯಲ್ಲಿ. ಅಷ್ಟು ಗಾಳಿಗೆ ಅದೇ ಛಾವಣಿಯ ಮೇಲಿನ ಬಲ 860 ಕಿಲೊ ದಾಟುತ್ತದೆ.

ಆಗ ನೆನಪಾದದ್ದು ಶಿರಸಿ ಕಡೆಯ ನನ್ನ ತವರುಮನೆ. ಅಡಿಕೆ ಕೊಯ್ಲಿಗೆ ಮುಂಚೆ ಅಪ್ಪಯ್ಯ ಅಂಗಳದಲ್ಲಿ ಕಂಬ ನೆಡಿಸಿ, ಮೇಲೆ ಅಡಿಕೆ ದಬ್ಬೆ ಹಾಸಿ ಅಟ್ಟ ಹಾಕಿಸುತ್ತಿದ್ದರು. ಮೇಲೆ ಅಡಿಕೆ ಒಣಗುತ್ತಿತ್ತು; ಕೆಳಗಿನ ನೆರಳಿನಲ್ಲಿ ಹೆಂಗಸರು ಅಡಿಕೆ ಸುಲಿಯುತ್ತಿದ್ದರು, ಮಕ್ಕಳಾದ ನಾವು ಆಡುತ್ತಿದ್ದೆವು, ಮಧ್ಯಾಹ್ನ ಬಂದ ನೆಂಟರು ಅಲ್ಲಿಯೇ ಚಾಪೆ ಹಾಸಿ ಮಲಗುತ್ತಿದ್ದರು. ಬಿಸಿಲು ಬಲಿತಂತೆ ಅಂಗಳದ ಉಳಿದ ಭಾಗಕ್ಕೂ ಸೋಗೆಯ ಚಪ್ಪರ ಬೀಳುತ್ತಿತ್ತು. ಆದರೆ ಮೃಗಶಿರಾ ಮಳೆ ಹಿಡಿಯುವ ಮೊದಲು ಅಂಗಳ ಮತ್ತೆ ಬೋಳಾಗುತ್ತಿತ್ತು. ನೆರಳಿನ ಅಗತ್ಯ ಇರುವುದು ಏಳು ತಿಂಗಳು ಮಾತ್ರ. ಗಾಳಿ ಮಳೆಗಳ ಹೊಡೆತ ಇರುವುದು ಉಳಿದ ತಿಂಗಳುಗಳಲ್ಲಿ. ವರ್ಷಕ್ಕೆ 3,000 ಮಿಲಿಮೀಟರಿಗಿಂತ ಹೆಚ್ಚು ಮಳೆ ಸುರಿಯುವ, ಅದರ ಬಹುಭಾಗ ಜೂನಿನಿಂದ ಸೆಪ್ಟೆಂಬರಿನೊಳಗೆ ಬಿದ್ದು ಮುಗಿಯುವ ಊರಿನಲ್ಲಿ, ಬಿಸಿಲಿಗಾಗಿ ಕಟ್ಟಿದ ಛಾವಣಿಯನ್ನು ಮಳೆಗಾಲದಲ್ಲಿಯೂ ನಿಲ್ಲಿಸಿಡುವ ಯೋಚನೆಯೇ ತಪ್ಪಾಗಿತ್ತು. ಹಾಗಾಗಿ ಕಂಬ ಮತ್ತು ಅಡ್ಡೆಗಳನ್ನು ಕಾಯಂ ಆಗಿ ಇಡಬೇಕು, ಹೊದಿಕೆಯನ್ನು ಮಾತ್ರ ಪ್ರತಿ ವರ್ಷ ಹಾಕಿ ತೆಗೆಯಬೇಕು ಎಂದು ತೀರ್ಮಾನಿಸಿದೆ.

ಎಲ್ಲಿ ಕಟ್ಟಬೇಕೆಂಬುದು ನಾನು ಎಲ್ಲಕ್ಕಿಂತ ಹೆಚ್ಚು ತಲೆಕೆಡಿಸಿಕೊಂಡ ವಿಷಯ. ಚಪ್ಪರದ ನೆರಳು ಚಪ್ಪರದ ಕೆಳಗೇ ಬೀಳುತ್ತದೆ ಎಂದು ನಾವು ಸಲೀಸಾಗಿ ನಂಬಿರುತ್ತೇವೆ. ಅದನ್ನು ಪರೀಕ್ಷಿಸಲು, ಮರುವರ್ಷ ಏಪ್ರಿಲ್ ನಡುವಿನ ಒಂದು ದಿನ, ಚಪ್ಪರದಷ್ಟೇ ಎತ್ತರದ ಎಂಟು ಅಡಿ ಗಳವೊಂದನ್ನು ಹಿತ್ತಿಲ ನಡುವೆ ನೆಟ್ಟೆ. ಗಂಟೆಗೊಮ್ಮೆ ಅದರ ತುದಿಯ ನೆರಳು ಬಿದ್ದ ಜಾಗಕ್ಕೆ ಒಂದೊಂದು ಕರಟವನ್ನು ಬೋರಲು ಹಾಕಿ, ಮೇಲೆ ಸುಣ್ಣದಿಂದ ಗಂಟೆ ಬರೆದೆ. ಹನ್ನೆರಡೂವರೆಯ ಕರಟ ಗಳದ ಬುಡದ ಹತ್ತಿರವೇ ಇತ್ತು. ಎರಡು ಗಂಟೆಯದು ಮೂರು ಅಡಿ ಆಚೆ. ನಾಲ್ಕು ಗಂಟೆಯ ಕರಟ ಮಾತ್ರ ಹೆಚ್ಚುಕಡಿಮೆ 10 ಅಡಿ ಪೂರ್ವಕ್ಕೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಮೇಲೆಯೇ ಕುಳಿತಿತ್ತು. ಅಂದರೆ 10 ಅಡಿ ಅಗಲದ ಚಪ್ಪರದ ಕೆಳಗೆ ನಾಲ್ಕು ಗಂಟೆಗೆ ಕುಳಿತವರಿಗೆ ನೆರಳೇ ಸಿಗುವುದಿಲ್ಲ. ಅದು ಪೂರ್ತಿಯಾಗಿ ಪಕ್ಕಕ್ಕೆ ಸರಿದಿರುತ್ತದೆ! ಗಜೀಬೊದ ಕೆಳಗೆ ಕುಳಿತ ನಮ್ಮ ಕಾಲುಗಳಿಗೆ ಸಂಜೆ ಏಕೆ ಬಿಸಿಲು ಚುರುಗುಟ್ಟುತ್ತಿತ್ತು ಎಂಬುದು ಆ ಕರಟಗಳ ಸಾಲನ್ನು ನೋಡಿದ ಮೇಲೆಯೇ ನನಗೆ ಅರ್ಥವಾಯಿತು.

ಇನ್ನೊಂದು ಸೂಕ್ಷ್ಮವೂ ಇದೆ. ಕಾರವಾರದ ಅಕ್ಷಾಂಶ ಸುಮಾರು 14.8 ಡಿಗ್ರಿ ಆಗಿರುವುದರಿಂದ, ಏಪ್ರಿಲ್ ಕೊನೆಯಲ್ಲೊಮ್ಮೆ ಮತ್ತು ಆಗಸ್ಟ್ ಮಧ್ಯದ ಹೊತ್ತಿಗೊಮ್ಮೆ ಸೂರ್ಯ ನೆತ್ತಿಯ ಮೇಲೆ ಬರುತ್ತಾನೆ. ನಡುವಿನ ಅವಧಿಯಲ್ಲಿ ನಡುಹಗಲಿನ ಬಿಸಿಲು ಉತ್ತರದ ಕಡೆಯಿಂದ ಬೀಳುತ್ತದೆ. ಡಿಸೆಂಬರಿನಲ್ಲಿ ಇದಕ್ಕೆ ತದ್ವಿರುದ್ಧವಾಗಿ, ಎಂಟು ಅಡಿ ಎತ್ತರದ ಚಪ್ಪರದ ನಡುಹಗಲಿನ ನೆರಳು ಆರು ಅಡಿಗೂ ಹೆಚ್ಚು ಉತ್ತರಕ್ಕೆ ಸರಿಯುತ್ತದೆ. ಚಳಿಗಾಲದ ಬಿಸಿಲು ಬೇಕಾದದ್ದೇ ಆದ್ದರಿಂದ ಅದನ್ನು ನಾನು ಲೆಕ್ಕಕ್ಕೆ ಹಿಡಿಯಲಿಲ್ಲ. ಮಾರ್ಚ್‌ನಿಂದ ಮೇ ತನಕದ ಮಧ್ಯಾಹ್ನವನ್ನೇ ಮುಖ್ಯವೆಂದು ಭಾವಿಸಿ, ಮನೆಯ ಗೋಡೆಯಿಂದ ಎಂಟು ಅಡಿ ಬಿಟ್ಟು ಪಶ್ಚಿಮಕ್ಕೆ ಚಪ್ಪರವನ್ನು ಗುರುತು ಮಾಡಿದೆ. ಹೀಗೆ ಮಾಡಿದ್ದರಿಂದ ನಡುಹಗಲಿನಲ್ಲಿ ನೆರಳು ಚಪ್ಪರದ ಕೆಳಗಿರುತ್ತದೆ, ನಾಲ್ಕು ಗಂಟೆಗೆ ಒಗೆಯುವ ಕಲ್ಲನ್ನೂ ಅಡುಗೆಮನೆಯ ಹಿಂಬಾಗಿಲನ್ನೂ ತಲುಪುತ್ತದೆ, ಆಮೇಲೆ ಗೋಡೆಯನ್ನು ಏರುತ್ತದೆ. ಸಂಜೆ ಒಲೆ ಹಚ್ಚುವಾಗ ಅಡುಗೆಮನೆಯ ಗೋಡೆ ಈಗ ಮುಂಚಿನಂತೆ ಕಾದಿರುವುದಿಲ್ಲ. ಜಾಗ ಗುರುತು ಮಾಡುವಾಗ ತೆಂಗಿನ ಮರಗಳ ಬುಡದಿಂದ 15 ಅಡಿ ದೂರ ಉಳಿದೆ. ಕಾಯಿ ಬೀಳುವ ಕಡೆ ಮನುಷ್ಯರು ಕೂರುವ ಜಾಗ ಮಾಡಬಾರದು.

ಕಟ್ಟುವ ಕೆಲಸವನ್ನು ಅದೇ ವರ್ಷದ ನವೆಂಬರಿನಲ್ಲಿ ಶುರು ಮಾಡಿದೆವು. ಪೂರ್ವ ಪಶ್ಚಿಮವಾಗಿ 12 ಅಡಿ, ಉತ್ತರ ದಕ್ಷಿಣವಾಗಿ 10 ಅಡಿ. ಮನೆಯ ಕಡೆಯ ಎತ್ತರ 9 ಅಡಿ, ಕಡಲ ಕಡೆಯದು 7 ಅಡಿ. ಪಶ್ಚಿಮದ ಅಂಚು ತಗ್ಗಿದಷ್ಟೂ ಇಳಿಬಿಸಿಲಿಗೆ ತಡೆ ಹೆಚ್ಚು. ನಾಲ್ಕು ಕಂಬಗಳಿಗೂ ಒಂದೂವರೆ ಅಡಿ ಚೌಕದ, ಎರಡು ಅಡಿ ಆಳದ ಗುಂಡಿ ತೆಗೆದು ಕಾಂಕ್ರೀಟ್ ತುಂಬಿಸಿದೆವು. ಒಂದೊಂದರ ತೂಕ 300 ಕಿಲೊ ಆಗುತ್ತದೆ. ನಾಲ್ಕೂ ಸೇರಿ 1,200 ಕಿಲೊ ನೆಲದೊಳಗೆ ಕುಳಿತಿದೆ ಎಂಬ ಭರವಸೆ ಈಗ ಗಾಳಿಯ ರಾತ್ರಿಗಳಲ್ಲಿ ನನಗೆ ನಿದ್ದೆ ಕೊಡುತ್ತದೆ. ಕಾಂಕ್ರೀಟನ್ನು ನೆಲದಿಂದ ಅರ್ಧ ಅಡಿ ಮೇಲಕ್ಕೆ ತಂದು ಸುತ್ತಲೂ ಇಳಿಜಾರು ಮಾಡಿಸಿದ್ದೇವೆ, ಏಕೆಂದರೆ ಕಂಬ ಮರದ್ದಿರಲಿ ಕಬ್ಬಿಣದ್ದಿರಲಿ, ಅದು ಮೊದಲು ಕೆಡುವುದು ನೀರು ನಿಲ್ಲುವ ಬುಡದಲ್ಲಿ.

ಉಪ್ಪುಗಾಳಿಯ ವಿಷಯದಲ್ಲಿ ಯಾವ ರಿಯಾಯಿತಿಯೂ ಸಲ್ಲದು. ಬರಿಯ ಕಬ್ಬಿಣಕ್ಕೆ ಬಣ್ಣ ಹೊಡೆದು ನಿಲ್ಲಿಸಿದರೆ ತುಕ್ಕು ಬಣ್ಣದ ಅಡಿಯಿಂದಲೇ ಉಬ್ಬಿ ಬರುತ್ತದೆ. ಹಾಗಾಗಿ ಸತುವಿನ ಲೇಪವಿರುವ ಜಿಐ ಪೈಪನ್ನೇ ಹಾಕಿಸಿದೆವು. ಆದರೆ ವೆಲ್ಡಿಂಗ್ ಮಾಡುವಾಗ ಆ ಲೇಪ ಸುಟ್ಟುಹೋಗುತ್ತದೆ. ಸುಟ್ಟ ಜಾಗಕ್ಕೆ ಸತುವು ಹೆಚ್ಚಿರುವ ಪ್ರೈಮರ್ ಎರಡು ಕೈ ಹೊಡೆಯದಿದ್ದರೆ ಜಿಐ ಹಾಕಿಸಿದ ಹಣ ನೀರಿಗೆ ಹಾಕಿದಂತೆ. ಬೋಲ್ಟುಗಳಿಗೆ 316 ದರ್ಜೆಯ ಸ್ಟೇನ್‌ಲೆಸ್ ಸ್ಟೀಲ್ ತರಿಸಿದೆವು. ಅದರಲ್ಲಿರುವ ಮಾಲಿಬ್ಡಿನಮ್ ಕಾರಣದಿಂದ ಅದು ಸಾಮಾನ್ಯವಾಗಿ ಸಿಗುವ 304ಕ್ಕಿಂತ ಉಪ್ಪನ್ನು ಚೆನ್ನಾಗಿ ತಡೆಯುತ್ತದೆ.

ಹೊದಿಕೆಯ ಬಗ್ಗೆ ಮನೆಯಲ್ಲಿ ಬಹಳ ಚರ್ಚೆ ನಡೆಯಿತು. ತಗಡಿನ ಶೀಟು ಕಾದು ನೆತ್ತಿಯ ಮೇಲೆ ಶಾಖ ಸುರಿಯುತ್ತದೆ. ಪಾಲಿಕಾರ್ಬೊನೇಟ್ ಶೀಟು ಬೆಳಕನ್ನು ಕೊಡುತ್ತದೆಯಾದರೂ, ಅದನ್ನು ಪ್ರತಿ ವರ್ಷ ಬಿಚ್ಚಿ ಹಾಕುವುದು ಆಗದ ಮಾತು. ಮಂಗಳೂರು ಹಂಚಿನ ಮೇಲೆ ನನಗೆ ಪ್ರೀತಿ ಇದೆ. ಚದರ ಮೀಟರಿಗೆ ಸುಮಾರು 15 ಹಂಚು ಕೂರುತ್ತದೆ, ಅದರ ತೂಕವೇ ಗಾಳಿಗೆ ಎದುರು ನಿಲ್ಲುತ್ತದೆ. ಆದರೆ ಅದಕ್ಕೆ ತಕ್ಕ ಇಳಿಜಾರು, ಪಕಾಸು, ರೀಪು ಎಲ್ಲವೂ ಬೇಕಾಗಿ ಅದು ಚಪ್ಪರವಾಗಿ ಉಳಿಯದೆ ಕಟ್ಟಡವೇ ಆಗಿಬಿಡುತ್ತದೆ. ಸಮುದ್ರದ ಭರತದ ಗೆರೆಯಿಂದ 500 ಮೀಟರ್ ತನಕ ಕರಾವಳಿ ನಿಯಂತ್ರಣ ವಲಯದ ನಿಯಮಗಳು ಅನ್ವಯಿಸುವುದರಿಂದ, ಅಂಥ ಕಾಯಂ ಛಾವಣಿ ಹಾಕಿಸುವವರು ಮೊದಲು ನಗರಸಭೆಯಲ್ಲಿ ವಿಚಾರಿಸುವುದು ಒಳ್ಳೆಯದು.

ಕೊನೆಗೆ ನಾವು ಒಪ್ಪಿದ್ದು ಹೆಣೆದ ಮಡಲನ್ನು. ನಮ್ಮದೇ ತೆಂಗಿನ ಮಡಲುಗಳನ್ನು ನಡುವೆ ಸೀಳಿ, ನೀರಿನಲ್ಲಿ ಕೆಲವು ದಿನ ನೆನೆಹಾಕಿ, ಗರಿಗಳನ್ನು ಒಂದರ ಮೇಲೊಂದು ದಾಟಿಸಿ ಹೆಣೆಯುವುದನ್ನು ಅತ್ತೆಯವರೇ ನನಗೆ ಕಲಿಸಿದರು. ಒಣ ಮಡಲನ್ನು ಹೆಣೆಯಹೋದರೆ ಗರಿ ಮುರಿಯುತ್ತದೆ. ನೆನೆದದ್ದು ಬೆರಳಿನ ಮಾತು ಕೇಳುತ್ತದೆ. ಚಪ್ಪರದ ಅಡ್ಡೆಗಳ ಮೇಲೆ ಮೊದಲು 75 ಶೇಕಡಾ ನೆರಳಿನ ಬಲೆಯನ್ನು ಬಿಗಿದು, ಅದರ ಮೇಲೆ ಗೇಣು ಅಂತರದಲ್ಲಿ ಬಿದಿರು ಗಳ ಕಟ್ಟಿ, ಅದರ ಮೇಲೆ ಮಡಲು ಹೊದಿಸಿ ಕತ್ತದ ಹಗ್ಗದಿಂದ ಬಿಗಿಯುತ್ತೇವೆ. ಬಲೆಗೂ ಮಡಲಿಗೂ ನಡುವೆ ಗಾಳಿಯಾಡುವುದರಿಂದ ಮೇಲಿನ ಶಾಖ ಕೆಳಗಿಳಿಯುವುದಿಲ್ಲ. ಬಲೆ ಇರುವುದರಿಂದ ಒಣಗರಿಯ ಚೂರು ತಲೆಯ ಮೇಲೆ ಉದುರುವುದಿಲ್ಲ. ಅಕಾಲದಲ್ಲಿ ದೊಡ್ಡ ಗಾಳಿ ಬಂದರೆ ಮಡಲು ಹಾರಿಹೋಗಬಹುದು, ಹೋಗಲಿ; ಕಂಬ ಉಳಿಯುತ್ತದೆ. ಒಣಮಡಲಿಗೆ ಬೆಂಕಿ ಬಲುಬೇಗ ಹತ್ತುವುದರಿಂದ ಬಚ್ಚಲೊಲೆಯ ಕಡೆಗೆ ಚಪ್ಪರವನ್ನು ಚಾಚಿಲ್ಲ, ಅದರ ಕೆಳಗೆ ದೀಪಾವಳಿಯ ಪಟಾಕಿಯನ್ನಂತೂ ಹಚ್ಚಗೊಡುವುದಿಲ್ಲ.

ಪಶ್ಚಿಮದ ಬದಿಗೆ ಆರಂಭದಲ್ಲಿ ತಾಡಪಾಲು ಇಳಿಬಿಟ್ಟಿದ್ದೆವು. ಸಂಜೆಯ ಬಿಸಿಲು ಪೂರ್ತಿ ನಿಂತಿತು. ಎರಡನೆಯ ದಿನ ಅತ್ತೆಯವರು ಮಣೆಯ ಮೇಲೆ ಕುಳಿತು ಸೆರಗಿನಿಂದ ಗಾಳಿ ಹಾಕಿಕೊಳ್ಳುತ್ತ, “ತಂಗೀ, ನೆರಳೇನೋ ಬಂತು, ಗಾಳಿ ಎಲ್ಲಿ ಹೋಯ್ತು?” ಎಂದು ಕೇಳಿದರು. ಅವರು ಹೇಳಿದ್ದು ಸರಿ. ಗಾಳಿ ಬರುವ ದಿಕ್ಕೂ ಬಿಸಿಲು ಬೀಳುವ ದಿಕ್ಕೂ ಒಂದೇ ಆಗಿರುವಾಗ ಗೋಡೆಯಂಥ ತಡೆ ಹಾಕಿದರೆ ಎರಡೂ ನಿಲ್ಲುತ್ತವೆ. ತಾಡಪಾಲು ತೆಗೆದು, ಬಿದಿರಿನ ದಬ್ಬೆಗಳನ್ನು ಅಡ್ಡಡ್ಡ ಕಟ್ಟಿ, ಬುಡದಲ್ಲಿ ಬಸಳೆ ಬಳ್ಳಿ ನೆಟ್ಟೆವು. ಫೆಬ್ರುವರಿ ಕೊನೆಯ ಹೊತ್ತಿಗೆ ಬಳ್ಳಿ ಆಳೆತ್ತರ ಏರಿತ್ತು. ಅದರ ದಪ್ಪ ಎಲೆಗಳು ಬಿಸಿಲನ್ನು ತಡೆಯುತ್ತವೆ, ಎಲೆಗಳ ಸಂದಿನಿಂದ ಗಾಳಿ ಬರುತ್ತದೆ, ವಾರಕ್ಕೆರಡು ದಿನ ಸಾಂಬಾರಿಗೂ ಆಗುತ್ತದೆ.

ಅಂದಿನಿಂದ ಪ್ರತಿ ವರ್ಷ ರೋಹಿಣಿ ಮಳೆ ಹುಟ್ಟುವ ಹೊತ್ತಿಗೆ, ಅಂದರೆ ಮೇ 25ರ ಆಸುಪಾಸಿನಲ್ಲಿ, ಚಪ್ಪರವನ್ನು ಬಿಚ್ಚುತ್ತೇವೆ. ನಾನೂ ನಮ್ಮ ಯಜಮಾನರೂ ಏಣಿ ಇಟ್ಟುಕೊಂಡು ಬೆಳಿಗ್ಗೆ ಶುರು ಮಾಡಿದರೆ ಊಟದ ಹೊತ್ತಿಗೆ ಮುಗಿಯುತ್ತದೆ. ಬಲೆಯನ್ನು ಸಿಹಿನೀರಿನಲ್ಲಿ ತೊಳೆದು, ಒಣಗಿಸಿ, ಸುತ್ತಿ ಮಾಳಿಗೆಗೆ ಏರಿಸುತ್ತೇವೆ. ಹಳೆಯ ಮಡಲು ಬಚ್ಚಲೊಲೆಗೆ ಹೋಗುತ್ತದೆ. ಮಳೆಗಾಲದ ಮೊದಲ ಕೆಲವು ವಾರಗಳ ಸ್ನಾನದ ನೀರು ಅದರಿಂದಲೇ ಕಾಯುತ್ತದೆ. ಬೋಲ್ಟುಗಳ ತಲೆಗೆ ಗ್ರೀಸ್ ಹಚ್ಚಿ, ತುಕ್ಕು ಕಂಡಲ್ಲಿ ಉಜ್ಜಿ ಪ್ರೈಮರ್ ಹೊಡೆದರೆ ಆ ವರ್ಷದ ಕೆಲಸ ಆಯಿತು. ಬಸಳೆಯ ಬದಿಯನ್ನು ಮಾತ್ರ ಬಿಚ್ಚುವುದಿಲ್ಲ. ಜಡಿಮಳೆಗೆ ಬಳ್ಳಿ ಕೊಳೆತುಹೋದರೂ ಬುಡದ ಹತ್ತಿರದ ದಪ್ಪ ದಂಟುಗಳಲ್ಲಿ ನಾಲ್ಕನ್ನು ಕತ್ತರಿಸಿ, ಜಗಲಿಯ ಮೂಲೆಯ ಹಳೆಯ ಬಕೆಟಿನ ಮಣ್ಣಿಗೆ ಊರಿಡುವುದು ಅತ್ತೆಯವರ ಕೆಲಸ. ಈ ಸಲ ಅವುಗಳಲ್ಲಿ ಮೂರು ಆಗಲೇ ಚಿಗುರಿವೆ.