ಕಡಲ ಗಾಳಿಯ ದುಡ್ಡು ಯಾವ ಊರಿನಲ್ಲಿ ಉಳಿಯುತ್ತದೆ?

ಸಮುದ್ರದಿಂದ ಇನ್ನೂರು ಕಿಲೋಮೀಟರಿಗೂ ಹೆಚ್ಚು ದೂರವಿರುವ ಕೊಪ್ಪಳದಲ್ಲಿ ಕುಳಿತು ಕಡಲ ಗಾಳಿಯ ವಿದ್ಯುತ್ತಿನ ಬಗ್ಗೆ ಬರೆಯುವುದು ಕೆಲವರಿಗೆ ವಿಚಿತ್ರವಾಗಿ ಕಾಣಬಹುದು. ಸಮುದ್ರದಲ್ಲಿ ಗಾಳಿಯಂತ್ರಗಳನ್ನು ನಿಲ್ಲಿಸಿದರೆ ಹಿಂದುಳಿದ ಕರಾವಳಿ ಪಟ್ಟಣಗಳು ಚೇತರಿಸಿಕೊಳ್ಳುತ್ತವೆ ಎಂಬ ಮಾತು ಪತ್ರಿಕೆಗಳಲ್ಲಿ ಮತ್ತೆ ಮತ್ತೆ ಬರುತ್ತಿದೆ. ನೆಲದ ಮೇಲಿನ ಗಾಳಿಯಂತ್ರಗಳ ವಿಷಯದಲ್ಲಿ ಇದೇ ಮಾತನ್ನು ವರ್ಷಗಟ್ಟಲೆ ಕೇಳಿದ ಜಿಲ್ಲೆಯವರಿಗೆ ಅದನ್ನು ಒರೆಗೆ ಹಚ್ಚಿ ನೋಡುವ ಹಕ್ಕು ಸ್ವಲ್ಪ ಹೆಚ್ಚೇ ಇದೆ ಎಂದು ನನ್ನ ಭಾವನೆ. 2024-25ರಲ್ಲಿ ದೇಶದಲ್ಲಿಯೇ ಅತಿ ಹೆಚ್ಚು ಹೊಸ ಪವನ ವಿದ್ಯುತ್ ಸಾಮರ್ಥ್ಯವನ್ನು ಸೇರಿಸಿದ ರಾಜ್ಯ ಕರ್ನಾಟಕ. ಆ ವರ್ಷ ಸೇರಿದ್ದು 1,331 ಮೆಗಾವ್ಯಾಟ್. ಅಂಥ ಯಂತ್ರಗಳನ್ನು ಸಾಲುಸಾಲಾಗಿ ನೋಡಬೇಕೆನ್ನುವವರು ಯಲಬುರ್ಗಾ, ಕುಕನೂರು ಕಡೆಯ ಎರೆಹೊಲಗಳಿಗೆ ಬಂದರೆ ಸಾಕು.

ನನ್ನದು ತೆರಿಗೆ ಲೆಕ್ಕ ಬರೆಯುವ ವೃತ್ತಿ. ಗಾಳಿ ಕಂಪನಿಗಳ ಕೈಕೆಳಗೆ ಉಪಗುತ್ತಿಗೆ ಹಿಡಿಯುವ ಸಣ್ಣಪುಟ್ಟ ಗುತ್ತಿಗೆದಾರರ ಜಿಎಸ್‌ಟಿ ರಿಟರ್ನ್‌ಗಳನ್ನು ತುಂಬಿಕೊಡುವುದರಿಂದ, ಈ ವ್ಯವಹಾರವನ್ನು ನಾನು ಬಿಲ್ಲುಗಳ ಮೂಲಕ ನೋಡುತ್ತೇನೆ. ನಮ್ಮವರು ಬರೆಯುವ ಬಿಲ್ಲುಗಳಲ್ಲಿ ಇರುವುದು ಮುರಂ, ಜಲ್ಲಿ, ಜೆಸಿಬಿ ಬಾಡಿಗೆ, ನೀರಿನ ಟ್ಯಾಂಕರ್, ಬೊಲೆರೊ ಬಾಡಿಗೆ, ರಾತ್ರಿ ಕಾವಲು. ರೆಕ್ಕೆ, ಗೇರ್‌ಬಾಕ್ಸ್, ಜನರೇಟರ್, ಗೋಪುರದ ಉಕ್ಕಿನ ಕೊಳವೆ, ಇವುಗಳ ಬಿಲ್ಲುಗಳು ನನ್ನ ಮೇಜಿಗೆ ಬರುವುದೇ ಇಲ್ಲ. ಅವು ಬೇರೆ ರಾಜ್ಯದ ಕಾರ್ಖಾನೆಯಲ್ಲಿ ಹುಟ್ಟಿ, ಬೇರೆ ನಗರದ ಕಚೇರಿಗೆ ಹೋಗಿ ಮುಟ್ಟುತ್ತವೆ. ಒಂದು ಯಂತ್ರಕ್ಕೆ ಆಗುವ ಒಟ್ಟು ಖರ್ಚಿನಲ್ಲಿ ಸಿಂಹಪಾಲು ಯಂತ್ರದ್ದೇ ಆಗಿರುವುದರಿಂದ, ನಮ್ಮ ಜಿಲ್ಲೆಯೊಳಗೆ ಓಡಾಡುವ ದುಡ್ಡು ಎಷ್ಟು ತೆಳುವಾದದ್ದೆಂದು ಊಹಿಸುವುದು ಕಷ್ಟವಲ್ಲ.

ಕೆಲಸ ನಡೆಯುವಾಗ ಮಾತ್ರ ಊರಿನಲ್ಲಿ ಜಾತ್ರೆಯ ಗದ್ದಲವೇ ಇರುತ್ತದೆ. ಎರೆಮಣ್ಣನ್ನು ಆಳವಾಗಿ ತೋಡಿ ಗಟ್ಟಿ ನೆಲ ಮುಟ್ಟಿಸಿ, ದುಂಡಗಿನ ಗುಂಡಿಯಲ್ಲಿ ಕಬ್ಬಿಣದ ಸರಳುಗಳನ್ನು ಬಲೆಯಂತೆ ಹೆಣೆದು, ನಡುವೆ ಬೋಲ್ಟುಗಳ ಪಂಜರವನ್ನು ಕೂರಿಸುತ್ತಾರೆ. ಅದಾದ ಮೇಲೆ ಕಾಂಕ್ರೀಟನ್ನು ತಡೆಯಿಲ್ಲದೆ ಒಂದೇ ಬಾರಿಗೆ ಸುರಿಯಬೇಕು; ಮಧ್ಯದಲ್ಲಿ ನಿಲ್ಲಿಸಿದರೆ ಎರಡು ಪದರಗಳ ನಡುವೆ ಬೆಸುಗೆ ಕೂಡುವುದಿಲ್ಲ. ಆದ್ದರಿಂದ ಮಿಕ್ಸರ್ ಲಾರಿಗಳು ರಾತ್ರಿಯಿಡೀ ಸಾಲುಗಟ್ಟಿ ಓಡುತ್ತವೆ, ಚಹದಂಗಡಿ ಬೆಳಗಿನವರೆಗೆ ತೆರೆದಿರುತ್ತದೆ, ಬಾಡಿಗೆ ಕೋಣೆಗಳು ತುಂಬುತ್ತವೆ. ಯಂತ್ರ ನಿಂತು ತಿರುಗಲು ಶುರುವಾದ ಮೇಲೆ ಕ್ರೇನ್ ಮುಂದಿನ ತಾಲ್ಲೂಕಿಗೆ ಹೋಗುತ್ತದೆ, ಅದರ ಹಿಂದೆ ಜನವೂ ಹೋಗುತ್ತಾರೆ. ನನ್ನ ಗಿರಾಕಿಗಳಲ್ಲಿ ಕೆಲವರ ರಿಟರ್ನ್‌ಗಳು ಆ ತಿಂಗಳಿನಿಂದ ಸೊನ್ನೆಗೆ ಬಂದು ನಿಲ್ಲುತ್ತವೆ. ಯಲಬುರ್ಗಾ ಕಡೆಯ ರೈತರೊಬ್ಬರು ನನ್ನ ಕಚೇರಿಯಲ್ಲಿ ಕುಳಿತು ಇದನ್ನು ಒಂದೇ ಮಾತಿನಲ್ಲಿ ಹೇಳಿದ್ದರು: "ಫ್ಯಾನ್ ನಮ್ಮ ಹೊಲದಾಗ ತಿರಗತೈತ್ರಿ ಸರ್, ಲೆಕ್ಕ ಮಾತ್ರ ಎಲ್ಲೋ ತಿರಗತೈತಿ." ಅವರಿಗೆ ಜಾಗದ ದುಡ್ಡು ಬಂದಿದೆ, ಅದನ್ನು ಅವರು ಅಲ್ಲಗಳೆಯುವುದಿಲ್ಲ. ಹೊಲದ ನಡುವೆ ಹಾದುಹೋದ ಕ್ರೇನ್ ದಾರಿಯಲ್ಲಿ ಮಣ್ಣು ಕಲ್ಲಿನಂತೆ ಬಿಗಿದುಕೊಂಡು ಕಡಲೆ ಏಳುವುದಿಲ್ಲ ಎಂಬುದು ಅವರ ಬೇರೆಯದೇ ತಕರಾರು.

ಸಮುದ್ರದ ಕಥೆ ಬೇರೆಯಾಗಿರಲು ಕಾರಣ ಯಂತ್ರದ ಗಾತ್ರ. ಗಾಳಿಯಲ್ಲಿರುವ ಶಕ್ತಿಯು ಅದರ ವೇಗದ ಘನಕ್ಕೆ ಅನುಗುಣವಾಗಿ ಏರುತ್ತದೆ. ಸೆಕೆಂಡಿಗೆ 6 ಮೀಟರ್ ಬೀಸುವ ಗಾಳಿ 9 ಮೀಟರಿಗೆ ಏರಿದರೆ ಅದರಲ್ಲಿರುವ ಶಕ್ತಿ ಮೂರು ಪಟ್ಟಿಗಿಂತ ಹೆಚ್ಚಾಗುತ್ತದೆ. ಗುಡ್ಡ, ಮರ, ಮನೆಗಳ ಅಡ್ಡಿಯಿಲ್ಲದ ಕಡಲ ಗಾಳಿ ಹೆಚ್ಚು ವೇಗವಾಗಿಯೂ ಒಂದೇ ಸಮನಾಗಿಯೂ ಬೀಸುತ್ತದೆ. ಆದರೆ ಅಲ್ಲಿ ಅಡಿಪಾಯ, ಕೇಬಲ್, ಹಡಗು ಎಲ್ಲವೂ ವಿಪರೀತ ದುಬಾರಿಯಾದ್ದರಿಂದ, ಕಡಿಮೆ ಕಂಬಗಳಲ್ಲಿ ಹೆಚ್ಚು ವಿದ್ಯುತ್ ತೆಗೆಯಲೇಬೇಕಾಗುತ್ತದೆ. 1991ರಲ್ಲಿ ಡೆನ್ಮಾರ್ಕಿನ ವಿಂಡೆಬಿಯಲ್ಲಿ ಜಗತ್ತಿನ ಮೊದಲ ಕಡಲ ಪವನ ವಿದ್ಯುತ್ ಸ್ಥಾವರ ಆರಂಭವಾದಾಗ ಅಲ್ಲಿದ್ದದ್ದು ತಲಾ 450 ಕಿಲೋವ್ಯಾಟ್‌ನ 11 ಯಂತ್ರಗಳು. ಇಂದು ವೆಸ್ಟಾಸ್ ಕಂಪನಿಯ 15 ಮೆಗಾವ್ಯಾಟ್ ಯಂತ್ರದ ಒಂದು ರೆಕ್ಕೆಯೇ 115.5 ಮೀಟರ್ ಉದ್ದವಿದೆ. ನಮ್ಮ ಕಡೆಗೆ ಬರುವ ಎಪ್ಪತ್ತು ಮೀಟರ್ ಆಸುಪಾಸಿನ ರೆಕ್ಕೆಯನ್ನು ಹೊತ್ತ ಟ್ರೇಲರ್ ಹೆದ್ದಾರಿಯಿಂದ ಹಳ್ಳಿಯ ದಾರಿಗೆ ತಿರುಗುವಾಗಲೇ ಹಿಂದಿನ ಗಾಲಿಗಳನ್ನು ಬೇರೆಯಾಗಿ ತಿರುಗಿಸಲು ಒಬ್ಬರು, ಮೇಲಿನ ವಿದ್ಯುತ್ ತಂತಿಯನ್ನು ನೋಡಿಕೊಳ್ಳಲು ಇನ್ನೊಬ್ಬರು ನಿಲ್ಲಬೇಕಾಗುತ್ತದೆ. ನೂರಹದಿನೈದು ಮೀಟರಿನ ರೆಕ್ಕೆಯನ್ನು ಅಂಥ ತಿರುವುಗಳಲ್ಲಿ ಸಾಗಿಸುವುದು ಅಸಾಧ್ಯವೆಂದೇ ಹೇಳಬೇಕು. ಹೀಗಾಗಿ ರೆಕ್ಕೆಯನ್ನು ನೀರಿನ ದಂಡೆಯಲ್ಲಿಯೇ ತಯಾರಿಸಿ ನೇರವಾಗಿ ಹಡಗಿಗೆ ಏರಿಸುವುದು ಅನಿವಾರ್ಯವಾಗುತ್ತದೆ. ಯಾರ ಔದಾರ್ಯವೂ ಇಲ್ಲದೆ ಕಾರ್ಖಾನೆ ಬಂದರು ಪಟ್ಟಣಕ್ಕೆ ಬರುತ್ತದೆ.

ಇಂಗ್ಲೆಂಡಿನ ಹಲ್ ಪಟ್ಟಣದಲ್ಲಿ ಆದದ್ದು ಇದೇ. ಐಸ್ಲೆಂಡಿನ ಸುತ್ತಲಿನ ಸಮುದ್ರದಲ್ಲಿ ಮೀನು ಹಿಡಿದು ಬದುಕುತ್ತಿದ್ದ ಆ ಪಟ್ಟಣ, 1976ರಲ್ಲಿ ಐಸ್ಲೆಂಡ್ ತನ್ನ 200 ಮೈಲಿಗಳ ಮೀನುಗಾರಿಕೆ ವಲಯವನ್ನು ಗಟ್ಟಿಮಾಡಿಕೊಂಡ ಮೇಲೆ ದಶಕಗಟ್ಟಲೆ ಸೊರಗಿತು. ಸೀಮೆನ್ಸ್ ಕಂಪನಿಯೂ ಬಂದರಿನ ಒಡೆತನದ ಸಂಸ್ಥೆಯೂ ಸೇರಿ 31 ಕೋಟಿ ಪೌಂಡ್ ಹೂಡಿ ಅಲ್ಲಿ ನಿರ್ಮಿಸಿದ ರೆಕ್ಕೆ ಕಾರ್ಖಾನೆ 2016ರಲ್ಲಿ ಆರಂಭವಾಯಿತು. ಅಲ್ಲಿಗೆ ಹತ್ತಿರದ ಗ್ರಿಮ್ಸ್‌ಬಿ ಇನ್ನೊಂದು ಮೀನುಗಾರಿಕೆ ಪಟ್ಟಣ. ಈಗ ಅದು ಹಾರ್ನ್‌ಸೀ ಸ್ಥಾವರಗಳ ನಿರ್ವಹಣೆಯ ಕೇಂದ್ರವಾಗಿದೆ. 165 ಯಂತ್ರಗಳ, 1,300 ಮೆಗಾವ್ಯಾಟ್‌ಗೂ ಮಿಗಿಲಾದ ಹಾರ್ನ್‌ಸೀ-2 ಅನ್ನು ನೋಡಿಕೊಳ್ಳುವ ತಂತ್ರಜ್ಞರು ಹಡಗಿನಲ್ಲಿಯೇ ವಾರಗಟ್ಟಲೆ ಉಳಿದು ಕೆಲಸ ಮಾಡುತ್ತಾರೆ. ಕಟ್ಟುವ ಕೆಲಸ ಎರಡು ಮೂರು ವರ್ಷಗಳಲ್ಲಿ ಮುಗಿಯುತ್ತದೆ, ನೋಡಿಕೊಳ್ಳುವ ಕೆಲಸ ಇಪ್ಪತ್ತೈದು ವರ್ಷ ಇರುತ್ತದೆ. ಡೆನ್ಮಾರ್ಕಿನ ಎಸ್ಬರ್ಗ್ ಕೂಡ ಮೀನಿನಿಂದ ತೈಲಕ್ಕೆ, 2002ರಲ್ಲಿ 80 ಯಂತ್ರಗಳ ಹಾರ್ನ್ಸ್ ರೆವ್ ಸ್ಥಾವರ ಬಂದ ಮೇಲೆ ತೈಲದಿಂದ ಗಾಳಿಗೆ ಹೊರಳಿಕೊಂಡ ಬಂದರು.

ಇಷ್ಟನ್ನೇ ಹೇಳಿ ನಿಲ್ಲಿಸುವವರು ಜರ್ಮನಿಯ ಬ್ರೆಮರ್‌ಹಾಫನ್ ಹೆಸರನ್ನು ಎತ್ತುವುದಿಲ್ಲ. ಹಡಗು ಕಟ್ಟುವ ಉದ್ಯಮ ಕುಸಿದು ನಿರುದ್ಯೋಗದಿಂದ ಬಳಲಿದ್ದ ಆ ಬಂದರು ಕೂಡ ಕಡಲ ಗಾಳಿಯನ್ನೇ ನಂಬಿತ್ತು. ಟರ್ಬೈನ್ ಮತ್ತು ರೆಕ್ಕೆ ಕಾರ್ಖಾನೆಗಳು ಬಂದವು. ಆಮೇಲೆ ಸರ್ಕಾರದ ನೀತಿ ಬದಲಾಯಿತು, ಬೇಡಿಕೆ ಏರುಪೇರಾಯಿತು, ಅಲ್ಲಿ ಕಾರ್ಖಾನೆಗಳನ್ನು ನಡೆಸುತ್ತಿದ್ದ ಸೆನ್ವಿಯನ್ ಕಂಪನಿ 2019ರಲ್ಲಿ ದಿವಾಳಿತನಕ್ಕೆ ಅರ್ಜಿ ಹಾಕಿತು. ಬ್ರಿಟನ್ನಿನಲ್ಲಿಯೂ 2023ರ ಹರಾಜಿನಲ್ಲಿ ಸರ್ಕಾರ ನಿಗದಿಪಡಿಸಿದ ದರಕ್ಕೆ ಕಡಲ ಸ್ಥಾವರ ಕಟ್ಟಲು ಒಬ್ಬರೂ ಮುಂದೆ ಬರಲಿಲ್ಲ. ಒಂದು ವರ್ಷ ಹರಾಜು ಬಿದ್ದುಹೋದರೆ ಕಾರ್ಖಾನೆಯ ಮಾಲೀಕರು ತಡೆದುಕೊಂಡಾರು, ಬಂದರಿನ ದಿನಗೂಲಿಯವರು ತಡೆದುಕೊಳ್ಳಲಾರರು. ಆದ್ದರಿಂದ ಗಾಳಿ ಎಷ್ಟು ಬೀಸುತ್ತದೆ ಎನ್ನುವುದರಷ್ಟೇ, ಸರ್ಕಾರ ಹತ್ತು ವರ್ಷ ಮುಂದಿನ ಬೇಡಿಕೆಯನ್ನು ಇಂದೇ ಹೇಳಿ ಅದಕ್ಕೆ ಬದ್ಧವಾಗಿರುತ್ತದೆಯೇ ಎನ್ನುವುದೂ ಮುಖ್ಯವೆಂದು ನಾನು ತಿಳಿದಿದ್ದೇನೆ.

ಆ ವಿಷಯದಲ್ಲಿ ನಮ್ಮ ದೇಶದ ದಾಖಲೆ ಅಷ್ಟೇನೂ ಧೈರ್ಯ ಕೊಡುವುದಿಲ್ಲ. ರಾಷ್ಟ್ರೀಯ ಕಡಲ ಪವನ ಶಕ್ತಿ ನೀತಿ ಬಂದದ್ದು 2015ರ ಅಕ್ಟೋಬರ್‌ನಲ್ಲಿ. 2018ರಲ್ಲಿ ಗುಜರಾತಿನ ಖಂಭಾತ್ ಕೊಲ್ಲಿಯ 1,000 ಮೆಗಾವ್ಯಾಟ್ ಯೋಜನೆಗೆ ಆಸಕ್ತರನ್ನು ಕೇಳಿದಾಗ 35 ಕಂಪನಿಗಳು ಹೆಸರು ಕೊಟ್ಟಿದ್ದವು. 2030ರೊಳಗೆ 30 ಸಾವಿರ ಮೆಗಾವ್ಯಾಟ್ ಎಂಬ ಗುರಿಯನ್ನೂ ಸಾರಲಾಯಿತು. ವಾಣಿಜ್ಯ ಮಟ್ಟದ ಒಂದು ಯಂತ್ರವೂ ನಮ್ಮ ಸಮುದ್ರದಲ್ಲಿ ಇನ್ನೂ ತಿರುಗುತ್ತಿಲ್ಲ. 2024ರ ಜೂನ್‌ನಲ್ಲಿ ಕೇಂದ್ರ ಸಚಿವ ಸಂಪುಟ ಗುಜರಾತ್ ಮತ್ತು ತಮಿಳುನಾಡು ಕರಾವಳಿಗಳಲ್ಲಿ ತಲಾ 500 ಮೆಗಾವ್ಯಾಟ್‌ಗೆ 7,453 ಕೋಟಿ ರೂಪಾಯಿಯ ನೆರವಿನ ಯೋಜನೆಯನ್ನು ಒಪ್ಪಿತು. ಈ ಸಾವಿರ ಮೆಗಾವ್ಯಾಟ್‌ನಿಂದ ವರ್ಷಕ್ಕೆ 372 ಕೋಟಿ ಯೂನಿಟ್ ಬರುತ್ತದೆ ಎಂಬುದು ಸರ್ಕಾರದ ಅಂದಾಜು. ಲೆಕ್ಕ ಹಾಕಿ ನೋಡಿದರೆ ಯಂತ್ರಗಳು ತಮ್ಮ ಪೂರ್ಣ ಸಾಮರ್ಥ್ಯದ ಶೇಕಡ 42ರಷ್ಟು ದುಡಿಯುತ್ತವೆ ಎಂದಾಯಿತು. ನೆಲದ ಮೇಲೆ ಆ ಪ್ರಮಾಣ ಸಿಗುವುದು ಅಪರೂಪ. ಆ ಇಡೀ ಯೋಜನೆಯಲ್ಲಿ ನನ್ನ ಕಣ್ಣು ನಿಂತದ್ದು 600 ಕೋಟಿಯ ಒಂದು ಸಣ್ಣ ಬಾಬತ್ತಿನ ಮೇಲೆ. ಅದು ಎರಡು ಬಂದರುಗಳನ್ನು ಈ ಕೆಲಸಕ್ಕೆ ಸಜ್ಜುಗೊಳಿಸಲು ಇಟ್ಟ ಹಣ. ಭಾರವಾದ ಗೋಪುರಗಳನ್ನು ನಿಲ್ಲಿಸಿಕೊಳ್ಳಬಲ್ಲ ಗಟ್ಟಿ ದಕ್ಕೆ, ರೆಕ್ಕೆಗಳನ್ನು ಮಲಗಿಸಿಡಲು ಎಕರೆಗಟ್ಟಲೆ ಬಯಲು, ಆಳವಾದ ನೀರು, ಇವು ಇದ್ದ ಬಂದರಿಗೇ ಕಾರ್ಖಾನೆ ಬರುತ್ತದೆ. ಇಲ್ಲವಾದರೆ ಯಂತ್ರಗಳು ಹೊರದೇಶದಿಂದ ಬಂದು, ನಿಂತು, ತಿರುಗಿ, ದಡದ ಜನ ಅವುಗಳನ್ನು ದೂರದಿಂದ ನೋಡುತ್ತಾರೆ.

ಕರ್ನಾಟಕದ ಕರಾವಳಿ ಈ ಮೊದಲ ಪಟ್ಟಿಯಲ್ಲಿ ಇಲ್ಲ. ನಮ್ಮ ರಾಜ್ಯದ ಒಳ್ಳೆಯ ಗಾಳಿ ಘಟ್ಟವನ್ನು ದಾಟಿ ಬಯಲುಸೀಮೆಗೆ ಬಂದ ಮೇಲೆ, ಚಿತ್ರದುರ್ಗದ ಜೋಗಿಮಟ್ಟಿ, ಗದಗಿನ ಕಪ್ಪತಗುಡ್ಡ, ಕೊಪ್ಪಳದ ಎರೆಬಯಲುಗಳಲ್ಲಿ ಆಷಾಢದಲ್ಲಿ ಬೀಸುವ ಗಾಳಿ. ಹಾಗಿದ್ದರೂ ಕಡಲ ಯೋಜನೆಗಳಲ್ಲಿ ನಮ್ಮ ಭಾಗಕ್ಕೆ ಪಾಲಿರಬಹುದು ಎಂದು ಬಳ್ಳಾರಿಯ ಗೆಳೆಯರೊಬ್ಬರು ವಾದಿಸುತ್ತಾರೆ: ಸಮುದ್ರತಳಕ್ಕೆ ಬಡಿಯುವ ಒಂದೊಂದು ಕಂಬಕ್ಕೂ ನೂರಾರು, ಕೆಲವೊಮ್ಮೆ ಸಾವಿರಕ್ಕೂ ಹೆಚ್ಚು ಟನ್ ಉಕ್ಕು ಬೇಕು, ಸಂಡೂರಿನ ಅದಿರೂ ತೋರಣಗಲ್ಲಿನ ಉಕ್ಕೂ ನಮ್ಮಲ್ಲಿಯೇ ಇವೆಯಲ್ಲ ಎನ್ನುತ್ತಾರೆ. ವಾದ ಕೇಳಲು ಚೆನ್ನಾಗಿದೆ. ಆದರೆ ಆ ಕಂಬಕ್ಕೆ ಬೇಕಾದದ್ದು ಉಪ್ಪುನೀರು ಮತ್ತು ಅಲೆಯ ಹೊಡೆತವನ್ನು ದಶಕಗಳ ಕಾಲ ತಾಳುವ ದಪ್ಪ ಉಕ್ಕಿನ ಹಲಗೆ. ಸುರುಳಿ ಉಕ್ಕು ತಯಾರಿಸುವ ಗಿರಣಿಯೇ ಬೇರೆ, ಈ ಹಲಗೆ ತಯಾರಿಸುವ ಗಿರಣಿಯೇ ಬೇರೆ, ಅದನ್ನು ಬಾಗಿಸಿ ಬೆಸೆಯುವ ಕಾರ್ಖಾನೆಯಂತೂ ಮತ್ತೆ ಬಂದರಿನ ದಂಡೆಯಲ್ಲಿಯೇ ಇರಬೇಕು. ಅದಿರು ಇದ್ದ ಊರಿಗೆ ದೂಳು, ಉಕ್ಕು ಕೊಂಡ ಊರಿಗೆ ಕೆಲಸ ಎಂಬ ಹಳೆಯ ಪಾಠವನ್ನು ಬಳ್ಳಾರಿಯವರಿಗೆ ನಾನು ಹೇಳಿಕೊಡಬೇಕಾಗಿಲ್ಲ.

ದುಡ್ಡು ಊರಲ್ಲಿ ಉಳಿಯಲು ಕಾರ್ಖಾನೆಯೊಂದೇ ದಾರಿಯಲ್ಲ, ಒಡೆತನವೂ ಒಂದು ದಾರಿ. ಕೋಪನ್‌ಹೇಗನ್ ಬಂದರಿನ ಎದುರಿಗೆ 2000ದಲ್ಲಿ ನಿಂತ ಮಿಡಲ್‌ಗ್ರುಂಡೆನ್ ಸ್ಥಾವರದಲ್ಲಿ 20 ಯಂತ್ರಗಳಿದ್ದು, ಅರ್ಧದಷ್ಟರ ಒಡೆತನ 8,500ಕ್ಕೂ ಹೆಚ್ಚು ಸದಸ್ಯರಿದ್ದ ಒಂದು ಸಹಕಾರ ಸಂಘದ್ದಾಗಿತ್ತು. ನೆಲದ ಮೇಲಿನ ಯಂತ್ರಗಳಿಗೂ 2009ರಲ್ಲಿ ಜಾರಿಗೆ ಬಂದ ಅಲ್ಲಿನ ಕಾಯ್ದೆಯು ಕನಿಷ್ಠ ಶೇಕಡ 20ರಷ್ಟು ಪಾಲನ್ನು ಸ್ಥಳೀಯರಿಗೆ ಮೊದಲು ತೋರಿಸಬೇಕೆಂದು ವಿಧಿಸಿತ್ತು. ಮುಂದೆ ಅದನ್ನು ಕೈಬಿಟ್ಟು ಬೇರೆ ಬಗೆಯ ಪರಿಹಾರಕ್ಕೆ ಹೋದರು. ಇದೆಲ್ಲ ಅವರ ದೇಶದಲ್ಲಿ ಸರಿ, ನಮ್ಮಲ್ಲಿ ನಡೆಯದು ಎನ್ನುವವರಿಗೆ, ಕೊಪ್ಪಳದಿಂದ ಬಸ್ಸಿನಲ್ಲಿ ಒಂದೆರಡು ತಾಸಿನ ದಾರಿಯಾದ ಗದಗದ ಪಕ್ಕದ ಕಣಗಿನಹಾಳದಲ್ಲಿ 1905ರಲ್ಲಿಯೇ ಸಹಕಾರ ಸಂಘ ಹುಟ್ಟಿತ್ತೆಂಬುದನ್ನು ನೆನಪಿಸಬೇಕಾಗುತ್ತದೆ. ಹತ್ತಾರು ಹೊಲಗಳ ಒಡೆಯರು ಏಜೆಂಟರ ಮುಂದೆ ಒಬ್ಬೊಬ್ಬರಾಗಿ ಕುಳಿತು ಕರಾರಿಗೆ ಸಹಿ ಹಾಕುವುದಕ್ಕೂ ಒಂದು ಸಂಘವಾಗಿ ಕುಳಿತು ಮಾತನಾಡುವುದಕ್ಕೂ ಇರುವ ವ್ಯತ್ಯಾಸ ಬಾಡಿಗೆಯ ಮೊತ್ತದಲ್ಲಿಯೇ ಕಾಣುತ್ತದೆ. ನನ್ನ ಬಳಿಗೆ ಬರುವ ಕರಾರುಗಳಲ್ಲಿ ಅಕ್ಕಪಕ್ಕದ ಹೊಲಗಳಿಗೇ ಬೇರೆ ಬೇರೆ ದರವಿರುವುದನ್ನು ನೋಡಿದ್ದೇನೆ. ಬಾಡಿಗೆ ವರ್ಷವರ್ಷ ಏರುತ್ತದೆಯೇ, ಯಂತ್ರದ ಆಯುಸ್ಸು ಮುಗಿದ ಮೇಲೆ ಕಾಂಕ್ರೀಟನ್ನು ಯಾರು ಕೀಳಬೇಕು ಎಂಬ ಸಾಲುಗಳನ್ನು ಓದದೆಯೇ ಸಹಿ ಹಾಕಿದವರೂ ಇದ್ದಾರೆ. ತಮಿಳುನಾಡಿನ ಮೀನುಗಾರರ ಮುಂದೆ ನಾಳೆ ಇಂಥದ್ದೇ ಕಾಗದಗಳು ಬರಲಿವೆ. ಅವರಿಗೆ ಸಮುದ್ರದ ಪಟ್ಟಾ ಕೂಡ ಇರುವುದಿಲ್ಲವಾದ್ದರಿಂದ ಅವರ ಪರಿಸ್ಥಿತಿ ನಮ್ಮದಕ್ಕಿಂತ ಕಠಿಣವಾಗಿರುತ್ತದೆ.

ಉಳಿದದ್ದು ದುಡಿಮೆಯ ಮಾತು. ಯಂತ್ರ ನೆಲದ ಮೇಲಿರಲಿ, ನೀರಿನ ಮೇಲಿರಲಿ, ಗೋಪುರದೊಳಗಿನ ಏಣಿ ಹತ್ತಿ ಬೋಲ್ಟು ಬಿಗಿಯುವ, ಎಣ್ಣೆ ಬದಲಿಸುವ, ರೆಕ್ಕೆಯ ಕೋನವನ್ನು ತಿದ್ದುವ ಕೆಲಸ ಹೆಚ್ಚುಕಡಿಮೆ ಒಂದೇ. ಎತ್ತರದಲ್ಲಿ ಕೆಲಸ, ಪ್ರಥಮ ಚಿಕಿತ್ಸೆ, ಬೆಂಕಿ, ಭಾರ ಎತ್ತುವಿಕೆ ಇವುಗಳ ಜಾಗತಿಕ ಸುರಕ್ಷತಾ ತರಬೇತಿಯ ಪ್ರಮಾಣಪತ್ರ ಇದ್ದವರು ಸಮುದ್ರಕ್ಕೆ ಹೋಗಬೇಕಾದರೆ ನೀರಿನಲ್ಲಿ ಜೀವ ಉಳಿಸಿಕೊಳ್ಳುವ ಇನ್ನೊಂದು ಪಾಠವನ್ನು ಸೇರಿಸಿಕೊಂಡರೆ ಆಯಿತು. ಅಂದರೆ ಕೊಪ್ಪಳದ ಗೋಪುರಗಳ ಮೇಲೆ ಪಳಗಿದ ಹುಡುಗನಿಗೆ ಕನ್ಯಾಕುಮಾರಿಯ ಸಮುದ್ರವೂ ತೆರೆದ ಬಾಗಿಲೇ. ಚೆನ್ನೈನ ರಾಷ್ಟ್ರೀಯ ಪವನ ಶಕ್ತಿ ಸಂಸ್ಥೆ 'ವಾಯುಮಿತ್ರ' ಎಂಬ ತರಬೇತಿಯನ್ನು ನಡೆಸಿದೆ. ಆದರೆ ನನಗೆ ಪರಿಚಯವಿರುವ ಗುತ್ತಿಗೆದಾರರೊಬ್ಬರ ಮಗ, ಐಟಿಐ ಎಲೆಕ್ಟ್ರಿಷಿಯನ್ ಮುಗಿಸಿದವನು, ಸುರಕ್ಷತಾ ಪ್ರಮಾಣಪತ್ರಕ್ಕಾಗಿ ಸಾಲ ಮಾಡಿ ಹೊರರಾಜ್ಯಕ್ಕೆ ಹೋಗಬೇಕಾಯಿತು. ಆ ಪ್ರಮಾಣಪತ್ರವನ್ನು ಎರಡು ವರ್ಷಕ್ಕೊಮ್ಮೆ ನವೀಕರಿಸಬೇಕಾದ್ದರಿಂದ ಅವನು ಮತ್ತೆ ಅಷ್ಟೇ ದೂರ ಹೋಗಿ, ಅಷ್ಟು ದಿನಗಳ ಕೂಲಿ ಕಳೆದುಕೊಳ್ಳುತ್ತಾನೆ. ನಮ್ಮ ಐಟಿಐ ಆವರಣದಲ್ಲಿ ಅಭ್ಯಾಸಕ್ಕೆಂದು ಒಂದು ಗೋಪುರ, ಈಜುಕೊಳದಷ್ಟು ನೀರು, ಇಬ್ಬರು ತರಬೇತುದಾರರು ಇದ್ದರೆ ಈ ಖರ್ಚು ಜಿಲ್ಲೆಯ ಒಳಗೇ ಉಳಿಯುತ್ತದೆ. ಮುಂದಿನ ಸ್ಥಾವರಕ್ಕೆ ಒಪ್ಪಿಗೆ ಕೊಡುವಾಗ ಅದನ್ನೊಂದು ಷರತ್ತಾಗಿ ಬರೆಸಬೇಕೆಂದು ಒಂದೆರಡು ಗ್ರಾಮ ಪಂಚಾಯಿತಿಯವರಲ್ಲಿ ಕೇಳಿದ್ದೇನೆ. ಠರಾವಿನ ಕರಡನ್ನೂ ನಾನೇ ಬರೆದುಕೊಟ್ಟಿದ್ದೇನೆ.