ಕೆಮ್ಮಣ್ಣುಗುಂಡಿಗೆ 40 ಮೀಟರ್ ಬ್ಯಾಂಡಿನ ಹ್ಯಾಮ್ (ಹವ್ಯಾಸಿ) ರೇಡಿಯೊ ಆಂಟೆನಾ ಒಯ್ಯುವವರಿಗೆ

ಕೆಮ್ಮಣ್ಣುಗುಂಡಿ ಸಮುದ್ರಮಟ್ಟದಿಂದ ಸುಮಾರು 1,434 ಮೀಟರ್ ಎತ್ತರದಲ್ಲಿದೆ. ಅಷ್ಟು ಎತ್ತರಕ್ಕೆ ಹೋದಮೇಲೆ ತಂತಿ ಹೇಗೆ ಕಟ್ಟಿದರೂ ನಡೆದೀತು ಎಂಬ ಎಣಿಕೆ ಬೇಡ. 2 ಮೀಟರ್ ಬ್ಯಾಂಡಿನ ಹ್ಯಾಂಡ್‌ಸೆಟ್‌ಗೆ ಬೆಟ್ಟದಿಂದ ಲಾಭ ಉಂಟು. ಆದರೆ 7 ಮೆಗಾಹರ್ಟ್ಸ್‌ನಲ್ಲಿ (ಇದೇ 40 ಮೀಟರ್ ಬ್ಯಾಂಡ್) ಬೆಂಗಳೂರು, ಮೈಸೂರು, ಹುಬ್ಬಳ್ಳಿಯವರ ಜೊತೆ ಮಾತಾಡುವಾಗ ಅಲೆ ನೆತ್ತಿಯತ್ತ ಏರಿ, ವಾತಾವರಣದ ಮೇಲಿನ ವಿದ್ಯುದಾವೇಶದ ಪದರವಾದ ಅಯಾನುಗೋಳದಿಂದ ತಿರುಗಿ ಇಳಿಯುತ್ತದೆ. ಅಲ್ಲಿ ಲೆಕ್ಕಕ್ಕೆ ಬರುವುದು ನೀವು ನಿಂತ ನೆಲದಿಂದ ತಂತಿ ಎಷ್ಟು ಮೇಲಿದೆ ಎಂಬುದೊಂದೇ. ಮನೆಯ ತಾರಸಿಯಲ್ಲಿ ಟ್ಯೂನ್ ಮಾಡಿದ ತಂತಿ ಇಲ್ಲಿ ಬೇರೆ ಆವರ್ತನದಲ್ಲಿ ಕೂರುವುದೂ ಇದಕ್ಕೇ. ಕೊನೆಯ ಟ್ಯೂನಿಂಗ್ ಬೆಟ್ಟದ ಮೇಲೆಯೇ ಆಗಬೇಕು.

ತರೀಕೆರೆಯಿಂದ ಲಿಂಗದಹಳ್ಳಿ ಮೇಲೆ ಹೋಗುವ ದಾರಿ ಸಲೀಸು. ಅತಿಥಿಗೃಹ ತೋಟಗಾರಿಕೆ ಇಲಾಖೆಯದು; ಮೊದಲೇ ಕಾಯ್ದಿರಿಸಿ, ಮರಕ್ಕೆ ಹಗ್ಗ ಕಟ್ಟುವ ಮೊದಲು ಅಲ್ಲಿನ ಸಿಬ್ಬಂದಿಯನ್ನು ಕೇಳಿ. ಝಡ್ ಪಾಯಿಂಟ್ ನೋಟಕ್ಕೆ ಚೆಂದ, ಆಂಟೆನಾಕ್ಕೆ ಇಕ್ಕಟ್ಟು. ಮನೆಯ ವಿಳಾಸದ ಹೊರಗೆ ಕೇಂದ್ರ ನಡೆಸುವ ಬಗ್ಗೆ ನಿಮ್ಮ ಪರವಾನಗಿಯ ಷರತ್ತುಗಳನ್ನು ಹೊರಡುವ ಮುಂಚೆ ಓದಿಕೊಳ್ಳಿ.

ತಂತಿಗೆ 1 ಚದರ ಮಿ.ಮೀ.ನ ಮನೆ ವೈರಿಂಗ್ ವೈರ್ ಸಾಕು. ಅರ್ಧ ತರಂಗದ ಡೈಪೋಲ್‌ನ (ನಡುವೆ ಕೇಬಲ್ ಸೇರುವ, ಎರಡು ತೋಳಿನ ತಂತಿ ಆಂಟೆನಾ) ಉದ್ದ ಮೀಟರಿನಲ್ಲಿ ಬೇಕಾದರೆ 143ನ್ನು ಮೆಗಾಹರ್ಟ್ಸ್‌ನಿಂದ ಭಾಗಿಸಿ. 7.1ಕ್ಕೆ 20.14 ಮೀಟರ್, ಅಂದರೆ ತೋಳಿಗೆ 10.07. ಕತ್ತರಿಸುವಾಗ ಮಾತ್ರ 10.4 ಇಟ್ಟುಕೊಳ್ಳಿ. ಪ್ಲಾಸ್ಟಿಕ್ ಹೊದಿಕೆಯ ತಂತಿಗೆ ಕೊನೆಗೆ ಲೆಕ್ಕಕ್ಕಿಂತ ಕಡಿಮೆ ಉದ್ದವೇ ಸಾಕಾಗುವುದು ಸಾಮಾನ್ಯ. ಆದರೂ ಉದ್ದವಿದ್ದರೆ ಮಡಚಬಹುದು, ಗಿಡ್ಡವಾದರೆ ಬೆಸುಗೆಯೇ ಗತಿ. ನಡುವಿನ ಹಿಡಿಕೆಗೂ ತುದಿಯ ಇನ್ಸುಲೇಟರ್‌ಗಳಿಗೂ ಪಿವಿಸಿ ಪೈಪಿನ ತುಂಡು ನಡೆಯುತ್ತದೆ. ತಂತಿಯಿಂದ ರೇಡಿಯೊಗೆ ಬರುವ ಕೇಬಲ್ ಆರ್‌ಜಿ-58, 15 ಮೀಟರ್. ಈ ಬ್ಯಾಂಡಿನಲ್ಲಿ ಅದರ ನಷ್ಟ ಒಂದು ಡೆಸಿಬೆಲ್‌ಗಿಂತ ಕಡಿಮೆ, ದಪ್ಪ ಕೇಬಲ್ ಹೊರುವುದು ವ್ಯರ್ಥ. ಫೀಡ್ ಪಾಯಿಂಟಿನಲ್ಲಿ, ಅಂದರೆ ಕೇಬಲ್ ತಂತಿಗೆ ಸೇರುವಲ್ಲಿ, ಚೋಕ್ ಹಾಕಲು ಮರೆಯಬೇಡಿ: ಎಫ್‌ಟಿ240-43 ಫೆರೈಟ್ ಉಂಗುರಕ್ಕೆ ಅದೇ ಕೇಬಲನ್ನು 11–12 ಸುತ್ತು ಸುತ್ತಿ. ಅದಿಲ್ಲದಿದ್ದರೆ ಕೇಬಲಿನ ಹೊರಮೈಯೂ ಆಂಟೆನಾ ಆಗಿಬಿಡುತ್ತದೆ; ಕೇಬಲ್ ಮುಟ್ಟಿದರೆ, ಸರಿಸಿದರೆ ಎಸ್‌ಡಬ್ಲ್ಯುಆರ್ (ಆಂಟೆನಾದಿಂದ ಶಕ್ತಿ ಎಷ್ಟು ಹಿಂದಿರುಗುತ್ತಿದೆ ಎಂಬುದರ ಅಳತೆ; 1ಕ್ಕೆ ಹತ್ತಿರವಿದ್ದಷ್ಟೂ ಒಳ್ಳೆಯದು) ಬದಲಾಗುವುದು ಅದರ ಗುರುತು.

ಕಂಬಕ್ಕೆ ಮಲೆನಾಡಿನಲ್ಲಿ ದೋಟಿ ಸುಲಭವಾಗಿ ಸಿಗುತ್ತದೆ. ಇಲ್ಲೊಂದು ಎಚ್ಚರಿಕೆ: ಅಡಿಕೆ ಕೊಯ್ಲಿಗೆ ಈಗ ಬಳಕೆಯಾಗುತ್ತಿರುವ ಕಾರ್ಬನ್ ಫೈಬರ್ ದೋಟಿ ಬೇಡವೇ ಬೇಡ. ಹಗುರ ನಿಜ, ಆದರೆ ಕಾರ್ಬನ್ ವಿದ್ಯುತ್ ವಾಹಕ. ತಂತಿಯ ಟ್ಯೂನಿಂಗ್ ಕೆಡಿಸುತ್ತದೆ. ವಿದ್ಯುತ್ ಲೈನಿಗೆ ತಾಗಿದರೆ ಜೀವಕ್ಕೇ ಅಪಾಯ. ಬಿದಿರಿನದು ಅಥವಾ ಗಾಜಿನ ನಾರಿನದು ತನ್ನಿ. ಕಂಬ ಯಾವುದೇ ಇರಲಿ, ಅದು ಉರುಳಿದರೂ ಲೈನ್ ಮುಟ್ಟದಷ್ಟು ದೂರ ನಿಲ್ಲಿಸಿ.

ನಡುವೆ 7 ಮೀಟರ್, ತುದಿಗಳು 2 ಮೀಟರ್ ಎತ್ತರದಲ್ಲಿದ್ದರೆ ತೋಳುಗಳ ನಡುವೆ ಸುಮಾರು 120 ಡಿಗ್ರಿ ಕೋನ ಬರುತ್ತದೆ. ಹೀಗೆ ತಲೆಕೆಳಗಾದ ವಿ ಆಕಾರದಲ್ಲಿ ಕಟ್ಟಿದಾಗ ಪ್ರತಿರೋಧ 50 ಓಮ್‌ನ ಆಸುಪಾಸಿಗೆ ಇಳಿದು ಕೇಬಲಿಗೆ ಹೊಂದುತ್ತದೆ, ಟ್ಯೂನರ್ (ಹೊಂದಾಣಿಕೆಯ ಪೆಟ್ಟಿಗೆ) ಬೇಕಾಗದು. ಹಗ್ಗವೂ ಸೇರಿ 25 ಮೀಟರ್ ಉದ್ದದ ಜಾಗ ನೋಡಿಕೊಳ್ಳಿ. ತುದಿಗಳಲ್ಲಿ ವೋಲ್ಟೇಜ್ ಹೆಚ್ಚು, 2 ಮೀಟರ್ ಕೈಗೆ ಎಟುಕುವ ಎತ್ತರವೇ; ಪ್ರವಾಸಿಗರು ಹತ್ತಿರ ಬರದಂತೆ ನೋಡಿಕೊಳ್ಳಿ. ಕಬ್ಬಿಣದ ಬೇಲಿಗೆ ಹಗ್ಗ ಕಟ್ಟುವುದಾದರೆ ಮಧ್ಯೆ ಎರಡು ಮೀಟರಾದರೂ ನೈಲಾನ್ ಇರಲಿ.

ಈಗ ನ್ಯಾನೊವಿಎನ್‌ಎ (ಆಂಟೆನಾ ಅಳೆಯುವ ಪುಟ್ಟ ಉಪಕರಣ) ಹಚ್ಚಿ 6.5ರಿಂದ 7.5 ಮೆಗಾಹರ್ಟ್ಸ್‌ವರೆಗೆ ಎಸ್‌ಡಬ್ಲ್ಯುಆರ್ ಗೆರೆ ಎಲ್ಲಿ ತಗ್ಗುತ್ತದೆ ನೋಡಿ. ತಗ್ಗು 6.85ರಲ್ಲಿ ಕಂಡಿತು ಎನ್ನೋಣ. 10.4ನ್ನು 6.85ರಿಂದ ಗುಣಿಸಿ 7.1ರಿಂದ ಭಾಗಿಸಿದರೆ 10.03 ಮೀಟರ್, ಅಂದರೆ ತೋಳಿಗೆ 37 ಸೆಂ.ಮೀ. ಹೆಚ್ಚಾಗಿದೆ. ಒಮ್ಮೆಗೇ ಕತ್ತರಿಸಬೇಡಿ. ಎರಡೂ ಕಡೆ 25 ಸೆಂ.ಮೀ. ಹಿಂದಕ್ಕೆ ಮಡಚಿ, ತಂತಿಗೇ ಬಿಗಿಯಾಗಿ ಸುತ್ತಿ, ಮತ್ತೆ ಮೇಲೇರಿಸಿ ಅಳೆಯಿರಿ. ತೋಳಿಗೆ 1 ಸೆಂ.ಮೀ. ಕಡಿಮೆಯಾದರೆ ಸುಮಾರು 7 ಕಿಲೋಹರ್ಟ್ಸ್ ಮೇಲೆ ಸರಿಯುತ್ತದೆ. ಭಾರತದಲ್ಲಿ ನಮಗಿರುವ ಬ್ಯಾಂಡ್ 7.0ರಿಂದ 7.2, ತಗ್ಗು 7.1ರ ಹತ್ತಿರ ನಿಂತರೆ ಎರಡೂ ಅಂಚು ಕೈಗೆ ಸಿಗುತ್ತವೆ. ಎಸ್‌ಡಬ್ಲ್ಯುಆರ್ 1.3 ಇದ್ದದ್ದನ್ನು 1.1 ಮಾಡಲು ಬೆಳಗೆಲ್ಲ ಕಳೆಯುವುದರಲ್ಲಿ ಅರ್ಥವಿಲ್ಲ, ಕಿವಿಗೆ ವ್ಯತ್ಯಾಸವೇ ತಿಳಿಯದು. ತಗ್ಗೇ ಕಾಣದಿದ್ದರೆ ಉದ್ದಕ್ಕೆ ಕೈಹಾಕುವ ಮುನ್ನ ಬೆಸುಗೆ, ಕನೆಕ್ಟರ್ ನೋಡಿ. ಒಳಗಿನ ಜಡೆಯ ಒಂದೆಳೆ ನಡುತಂತಿಗೆ ತಾಗಿದರೂ ಹೀಗಾಗುತ್ತದೆ. ಮಂಜು ಇಳಿದು ತಂತಿ ತೋಯ್ದಾಗ ತಗ್ಗು ಸ್ವಲ್ಪ ಕೆಳಗೆ ಜಾರಿದರೆ ಗಾಬರಿ ಬೇಡ, ಒಣಗಿದಾಗ ಮರಳುತ್ತದೆ. ಕನೆಕ್ಟರಿಗೆ ನೀರು ಹೋದರೆ ಮಾತ್ರ ಮರಳದು. ಟೇಪನ್ನು ಕೆಳಗಿನಿಂದ ಮೇಲಕ್ಕೆ ಸುತ್ತಿ.

ಬೆಳಗು ಮೂಡಿ ಒಂದೆರಡು ಗಂಟೆ, ಮತ್ತೆ ಇಳಿಹೊತ್ತು, ರಾಜ್ಯದೊಳಗಿನ ಊರುಗಳಿಗೆ ಒಳ್ಳೆಯ ಸಮಯ. ನಡುಮಧ್ಯಾಹ್ನ ಸಂಕೇತ ಕುಗ್ಗುತ್ತದೆ. ನಸುಕಿನಲ್ಲಿ ಹತ್ತಿರದವರು ಮಾಯವಾಗಿ ದೂರದವರು ಮಾತ್ರ ಕೇಳಿಸಿದರೆ ಆಂಟೆನಾ ಕೆಟ್ಟಿದೆ ಎಂದುಕೊಳ್ಳಬೇಡಿ. ರೇಡಿಯೊದ ಪ್ರಸಾರ ಶಕ್ತಿಯನ್ನು 20 ವ್ಯಾಟ್‌ಗೆ ಇಳಿಸಿಕೊಂಡರೆ 20 ಆಂಪಿಯರ್-ಅವರ್‌ನ ಲಿಥಿಯಂ ಐರನ್ ಫಾಸ್ಫೇಟ್ ಬ್ಯಾಟರಿ ಐದಾರು ಗಂಟೆ ಬರುತ್ತದೆ.

ಏಪ್ರಿಲ್–ಮೇನಲ್ಲಿ ಮಧ್ಯಾಹ್ನದ ಮೇಲೆ ಗುಡುಗು ಕಟ್ಟುವುದು ರೂಢಿ. ದೂರದಲ್ಲಿ ಗುಡುಗಿದ ಕೂಡಲೇ ಕೇಬಲ್ ಕಿತ್ತು ಹೊರಗೆ ಹಾಕಿ ಒಳಗೆ ಹೋಗಿ. ಕಂಬ ಇಳಿಸಲು ನಿಲ್ಲಬೇಡಿ. ಮಳೆಗಾಲದಲ್ಲಿ ಹೋಗುವುದಾದರೆ ಉಂಬಳಕ್ಕೆ ಉಪ್ಪು, ಕನೆಕ್ಟರಿಗೆ ಇನ್ನೊಂದು ಸುರುಳಿ ಟೇಪ್ ಜೊತೆಗಿರಲಿ.